ಕುಂಬಳದ ಮಿಡಿ ಯಾಕೆ ಉದುರುತ್ತದೆ? ಹಿತ್ತಲ ಬಳ್ಳಿಯ ಟಿಪ್ಪಣಿ

ಕೈತೋಟ ಕಲಿಯಲು ಹೊರಟವರು ಕುಂಬಳದ ವಿಷಯದಲ್ಲಿ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಬಳ್ಳಿ ತುಂಬ ಹೂವಿದೆ, ಕಾಯಿ ಯಾಕಿಲ್ಲ? ಇಲ್ಲವಾದರೆ, ನಿಂಬೆಹಣ್ಣಿನಷ್ಟಾದ ಮಿಡಿ ಹಳದಿಯಾಗಿ ಯಾಕೆ ಬೀಳುತ್ತದೆ? ಮೊದಲ ವರ್ಷ ನನ್ನ ಬಳ್ಳಿಯಲ್ಲಿ ಹನ್ನೊಂದು ಮಿಡಿ ಉದುರಿದವು. ನಾನು ಲೆಕ್ಕ ಇಟ್ಟುಕೊಂಡು ಪ್ರತಿ ಸಲವೂ ಇನ್ನೊಂದು ಬುಟ್ಟಿ ಗೊಬ್ಬರ ಸುರಿದೆ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ನೋಡಿ, "ಬಳ್ಳಿ ಸೊಕ್ಕಿದೆ ಮಗಾ, ಗೊಬ್ಬರ ನಿಲ್ಲಿಸು" ಅಂದರು. ಅವರು ಅಂದದ್ದು ಸರಿ ಅಂತ ಗೊತ್ತಾಗಿದ್ದು ಆಮೇಲೆ, ಹೂವಿನ ರಚನೆ ಓದಿದಾಗ. ಹಾಗಾಗಿ ಈ ಟಿಪ್ಪಣಿಯಲ್ಲಿ ಹೂವಿಗೇ ಹೆಚ್ಚು ಜಾಗ.

ಹೆಸರುಗಳ ಗೋಜಲು

ಕನ್ನಡದಲ್ಲಿ ಕುಂಬಳ ಅಂದರೆ ಎರಡು ಬೇರೆ ಗಿಡ. ಸಿಹಿಗುಂಬಳ ಕುಕರ್ಬಿಟಾ ಕುಲದ್ದು, ನಮ್ಮ ಊರುಗಳಲ್ಲಿ ಕಾಣುವುದು ಬಹುಪಾಲು ಕುಕರ್ಬಿಟಾ ಮೊಸ್ಕಾಟ. ಮಲೆನಾಡಿನಲ್ಲಿ ಇದನ್ನೇ ಚೀನಿಕಾಯಿ ಅನ್ನುತ್ತಾರೆ, ತುಳುವಿನಲ್ಲಿ ಕೆಂಬುಡೆ. ಬೂದುಗುಂಬಳ ಬೆನಿಂಕಾಸ ಕುಲದ್ದು. ಮೊದಲನೆಯದರ ವರ್ಣತಂತುಗಳು 40, ಎರಡನೆಯದರದ್ದು 24. ಇವೆರಡನ್ನು ಒಂದೇ ಚಪ್ಪರಕ್ಕೆ ಹಬ್ಬಿಸಿದರೂ ಬೆರಕೆಯಾಗುವುದಿಲ್ಲ. ಅಂಗಡಿಯಲ್ಲಿ ಈಗ ಸಿಗುವ ಜುಕಿನಿ ಕುಕರ್ಬಿಟಾ ಪೆಪೊ. ಅದು ಹಬ್ಬುವುದಿಲ್ಲ, ಪೊದೆಯಾಗಿ ನಿಲ್ಲುತ್ತದೆ, ಆದ್ದರಿಂದ ದೊಡ್ಡ ಕುಂಡದಲ್ಲೂ ಆಗುತ್ತದೆ. ಸೀಮೆಬದನೆಯೂ ಇದೇ ಕುಟುಂಬದ್ದು.

ಬೂದುಗುಂಬಳ ಏಷ್ಯಾದ್ದು. ಉಳಿದವೆಲ್ಲ ಅಮೆರಿಕ ಖಂಡದಿಂದ ಬಂದವು. ಮೆಕ್ಸಿಕೋದ ಓಹಾಕಾದಲ್ಲಿರುವ ಗಿಲಾ ನಾಕಿಟ್ಸ್ ಗುಹೆಯಲ್ಲಿ ಸಿಕ್ಕ ಪೆಪೊ ಬೀಜಗಳಿಗೆ ಸುಮಾರು 10,000 ವರ್ಷ ವಯಸ್ಸು. ಮೆಕ್ಕೆಜೋಳಕ್ಕಿಂತ ಮೊದಲೇ ಜನ ಇದನ್ನು ಒಗ್ಗಿಸಿಕೊಂಡಿದ್ದರು. ಹಡಗು ಹತ್ತಿ ಬಂದ ಕಾಯಿಗೆ ನಾವು ಚೀನಿ ಅಂತ ಹೆಸರಿಟ್ಟೆವು, ಇನ್ನೊಂದಕ್ಕೆ ಸೀಮೆ ಅಂತ. ಎಲ್ಲಿಂದ ಅಂತ ಗೊತ್ತಿರಲಿಲ್ಲ, ಹೊರಗಿನದು ಅಂತ ಮಾತ್ರ ಗೊತ್ತಿತ್ತು.

ಹೂವು: ಇಲ್ಲೇ ನಿಧಾನಿಸಿ

ಕುಂಬಳದ ಬಳ್ಳಿ ಒಂದೇ ಆದರೂ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಗಂಡು ಹೂವಿಗೆ ಉದ್ದ, ಸಪೂರ ತೊಟ್ಟು, ನಡುವೆ ಒಂದೇ ಕಂಬದಂತೆ ಅಂಟಿಕೊಂಡ ಕೇಸರಗಳು. ಹೆಣ್ಣು ಹೂವಿನ ತೊಟ್ಟು ಗಿಡ್ಡ, ದಳಗಳ ಕೆಳಗೆ ಪುಟ್ಟ ಕುಂಬಳದಂಥ ಉಬ್ಬು. ಆ ಉಬ್ಬೇ ಅಂಡಾಶಯ. ಹೊಸಬರು ತಪ್ಪು ತಿಳಿಯುವುದು ಇಲ್ಲೇ. ಉಬ್ಬನ್ನು ನೋಡಿ "ಕಾಯಿ ಕಚ್ಚಿದೆ" ಅಂದುಕೊಳ್ಳುತ್ತೇವೆ. ಅದು ಕಾಯಿಯಲ್ಲ, ಹೂವಿನದೇ ಒಂದು ಭಾಗ. ಪರಾಗ ಸಿಕ್ಕರೆ ಬೆಳೆಯುತ್ತದೆ, ಸಿಗದಿದ್ದರೆ ಮೂರು ನಾಲ್ಕು ದಿನದಲ್ಲಿ ಹಳದಿಯಾಗಿ ಬೀಳುತ್ತದೆ. ನನ್ನ ಹನ್ನೊಂದರಲ್ಲಿ ಹೆಚ್ಚಿನವು ಉದುರಿದ ಕಾಯಿಗಳೇ ಅಲ್ಲ, ಪರಾಗ ಕಾಣದೆ ಹೋದ ಹೂಗಳು.

ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂ. ವಾರ, ಹತ್ತು ದಿನ ಬರೀ ಗಂಡೇ ಅರಳಿ ಉದುರುತ್ತಿದ್ದರೆ ಗಾಬರಿ ಬೇಡ. ಆಮೇಲೂ ಗಂಡಿನ ಸಂಖ್ಯೆಯೇ ಎಷ್ಟೋ ಪಾಲು ಹೆಚ್ಚು. ದೀರ್ಘ ಹಗಲು, ಹೆಚ್ಚು ಬಿಸಿ, ಹೆಚ್ಚು ಸಾರಜನಕ ಇವು ಗಂಡು ಹೂವನ್ನು ಹೆಚ್ಚಿಸುತ್ತವೆ. ಚಿಕ್ಕ ಹಗಲು, ತಂಪು ರಾತ್ರಿ ಹೆಣ್ಣು ಹೂವಿಗೆ ಅನುಕೂಲ. ಅಜ್ಜಿ ಹೇಳಿದ ಸೊಕ್ಕು ಇದೇ. ಸಗಣಿ ಗೊಬ್ಬರ, ಮೇಲಿಂದ ಯೂರಿಯಾ ಹಾಕಿದ ಬಳ್ಳಿ ಎಲೆಯನ್ನು ಕೊಡೆಯಷ್ಟು ಅಗಲ ಮಾಡಿಕೊಂಡು ಹೆಣ್ಣು ಹೂವನ್ನು ಮುಂದೂಡುತ್ತದೆ.

ಸಿಹಿಗುಂಬಳದ ಹೂ ಅರಳುವುದು ನಸುಕಿನಲ್ಲಿ. ಬಿಸಿಲೇರಿ ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಮುದುಡಿ ಆಗಿರುತ್ತದೆ. ಹೆಣ್ಣು ಹೂವಿಗೆ ಸಿಗುವುದು ಆ ಒಂದೇ ಬೆಳಗು. ಪರಾಗ ದಪ್ಪ, ಅಂಟಂಟು, ಗಾಳಿಗೆ ಹಾರುವುದಿಲ್ಲ, ಜೇನು ಅಥವಾ ದುಂಬಿ ಹೊತ್ತು ತರಬೇಕು. ಆ ಹೊತ್ತಿಗೆ ಮಳೆ ಸುರಿಯುತ್ತಿದ್ದರೆ ಜೇನು ಹೊರಡುವುದಿಲ್ಲ, ನೆನೆದ ಪರಾಗವೂ ಕೆಡುತ್ತದೆ. ಆಷಾಢದ ಮಳೆಯಲ್ಲಿ ಮಲೆನಾಡಿನ ಬಳ್ಳಿಗಳು ಹಸಿರಾಗಿ ಬರಿದಾಗಿ ನಿಲ್ಲುವುದು ಇದಕ್ಕೇ. ಪೇಟೆಯ ನಾಲ್ಕನೇ ಮಹಡಿಯ ತಾರಸಿಯಲ್ಲಿ ಮಳೆಯಿಲ್ಲದಿದ್ದರೂ ಜೇನು ಬರುವುದು ಅಪರೂಪ.

ಹಾಗಾದರೆ ಕೈಯಾರೆ ಮಾಡಿ. ಹಿಂದಿನ ಸಂಜೆಯೇ ನಾಳೆ ಅರಳುವ ಮೊಗ್ಗು ಗುರುತಿಸಬಹುದು, ತುದಿ ಹಳದಿಗೆ ತಿರುಗಿರುತ್ತದೆ. ಬೆಳಗ್ಗೆ ಆರರಿಂದ ಎಂಟರೊಳಗೆ ಒಂದು ಗಂಡು ಹೂ ಕಿತ್ತು, ದಳ ಸುಲಿದು, ಉಳಿದ ಕಂಬವನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ತುದಿಗೆ, ಮೆಲ್ಲಗೆ ಸವರಿ. ಶಲಾಕಾಗ್ರ ಮೂರು ಹೋಳಾಗಿರುತ್ತದೆ. ಮೂರಕ್ಕೂ ಪರಾಗ ತಾಗಬೇಕು. ಒಂದು ಪಕ್ಕಕ್ಕಷ್ಟೇ ತಾಗಿದರೆ ಆ ಪಕ್ಕದಲ್ಲಷ್ಟೇ ಬೀಜ ಕಟ್ಟಿ ಕಾಯಿ ಸೊಟ್ಟಗಾಗುತ್ತದೆ. ಸೊಟ್ಟ ಕಾಯಿ ಕಂಡಾಗ ರೋಗ ಅಂತ ಔಷಧಿ ಹುಡುಕುವವರು ಈ ಸಾಲನ್ನು ಎರಡು ಸಲ ಓದಿಕೊಳ್ಳಿ.

ಎಲ್ಲ ಸರಿಮಾಡಿದರೂ ಕೆಲವು ಮಿಡಿ ಬೀಳುತ್ತವೆ. ಬಳ್ಳಿಯಲ್ಲಿ ಆಗಲೇ ಎರಡು ಮೂರು ಕಾಯಿ ದಪ್ಪವಾಗುತ್ತಿದ್ದರೆ ಹೊಸದನ್ನು ಬಳ್ಳಿಯೇ ಬಿಟ್ಟುಬಿಡುತ್ತದೆ. ಆ ಲೆಕ್ಕ ಅದಕ್ಕೇ ಬಿಡಿ. ಮಿಕ್ಕ ಗಂಡು ಹೂವನ್ನು ಕಿತ್ತು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿಯಿರಿ, ಆದರೆ ಹೆಣ್ಣು ಹೂವಿಗೆ ಬೇಕಾದಷ್ಟನ್ನು ಬೆಳಗ್ಗೆ ಬಳ್ಳಿಯಲ್ಲೇ ಉಳಿಸಿ.

ಬಿತ್ತುವುದು, ನೀರು

ಇದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಬಯಲುಸೀಮೆಯಲ್ಲಿ ಜೂನ್–ಜುಲೈ ಅಥವಾ ಜನವರಿ–ಫೆಬ್ರವರಿ. ಒಂದೂವರೆ ಅಡಿ ಗುಂಡಿ, ಅದಕ್ಕೆ ಚೆನ್ನಾಗಿ ಕಳಿತ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಬೀಜ ಒಂದಿಂಚು ಆಳಕ್ಕೆ. ವಾರದೊಳಗೆ ಮೊಳೆಯುತ್ತದೆ. ಗುಂಡಿಗೆ ಮೂರು ನಾಲ್ಕು ಹಾಕಿ, ಗಟ್ಟಿಯಾದ ಒಂದೆರಡನ್ನು ಉಳಿಸಿ. ಗುಂಡಿಯಿಂದ ಗುಂಡಿಗೆ ಆರು ಅಡಿಯಾದರೂ ಬಿಡಿ. ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಬಳ್ಳಿಯಿದ್ದರೆ ಅದನ್ನು ಕೀಳಬೇಡಿ. ನಾನು ಹದವಾಗಿ ತೋಡಿದ ಗುಂಡಿಗಳಿಗಿಂತ ಅದೇ ಚೆನ್ನಾಗಿ ಬಂದದ್ದನ್ನು ಎರಡು ವರ್ಷ ಕಂಡಿದ್ದೇನೆ.

ಬಳ್ಳಿ ನೆಲದ ಮೇಲೆ ಹರಿಯುವಾಗ ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಅಲ್ಲಲ್ಲಿ ಗೆಣ್ಣಿನ ಮೇಲೆ ಮಣ್ಣು ಎಳೆದರೆ ಗಿಡಕ್ಕೆ ಇನ್ನೊಂದು ಬಾಯಿ ಸಿಕ್ಕಂತೆ. ಮಧ್ಯಾಹ್ನ ಎಲೆ ಜೋಲುಬಿದ್ದರೆ ಕೊಡ ಹಿಡಿದು ಓಡಬೇಡಿ, ಸಂಜೆಗೆ ತಾನೇ ಸೆಟೆದು ನಿಂತರೆ ನೀರು ಸಾಕಷ್ಟಿದೆ. ಬೆಳಗ್ಗೆಯೂ ಜೋತಿದ್ದರೆ ಮಾತ್ರ ಚಿಂತೆ.

ತಳಿ ಹುಡುಕುವವರಿಗೆ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎರಡು ತಳಿಗಳಿವೆ. ಅರ್ಕಾ ಚಂದನ್ ಎರಡು ಮೂರು ಕಿಲೋ ತೂಗುತ್ತದೆ. ಅರ್ಕಾ ಸೂರ್ಯಮುಖಿ ಕಿಲೋ ಆಸುಪಾಸಿನ ಚಿಕ್ಕ ಕಾಯಿ, ಹಣ್ಣುನೊಣವನ್ನು ತಡೆದುಕೊಳ್ಳುತ್ತದೆ. ನಾಲ್ಕು ಜನರ ಮನೆಗೆ ನನ್ನ ಆಯ್ಕೆ ಎರಡನೆಯದು. ಐದು ಕಿಲೋ ಕಾಯಿ ಹೆಚ್ಚಿದ ಮೇಲೆ ವಾರವಿಡೀ ಅದೇ ಪಲ್ಯ ತಿನ್ನುವವರ ಮುಖ ನೋಡಲಾಗುವುದಿಲ್ಲ.

ಕಾಟ ಕೊಡುವವರು

ಎರಡೆಲೆ ಸಸಿಯನ್ನು ಜರಡಿ ಮಾಡುವುದು ಕಿತ್ತಳೆಗೆಂಪು ದುಂಬಿ. ನಸುಕಿನಲ್ಲಿ ಅದು ಮಂದವಾಗಿರುತ್ತದೆ, ಕೈಯಲ್ಲೇ ಹಿಡಿಯಬಹುದು. ಇಬ್ಬನಿ ಆರುವ ಮೊದಲು ಒಲೆಬೂದಿ ಉದುರಿಸುವುದು ಹಳ್ಳಿಯ ಕ್ರಮ. ಎಲೆ ಮೇಲೆ ಬಿಳಿ ಹುಡಿಯಂತೆ ಬರುವುದು ಬೂದಿರೋಗ. ಶುರುವಿನಲ್ಲೇ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಆದರೆ ಕೆಲವು ಸಿಹಿಗುಂಬಳ ತಳಿಗಳ ಎಲೆಯಲ್ಲಿ ನರಗಳ ಕವಲಿನಲ್ಲಿ ಹುಟ್ಟಿನಿಂದಲೇ ಬೆಳ್ಳಿಮಚ್ಚೆ ಇರುತ್ತದೆ. ಬೆರಳಿನಿಂದ ಉಜ್ಜಿ ನೋಡಿ, ಹುಡಿ ಅಂಟದಿದ್ದರೆ ರೋಗವಲ್ಲ.

ನಿಜವಾದ ಶತ್ರು ಹಣ್ಣುನೊಣ. ಎಳೆ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಚುಚ್ಚಿದಲ್ಲಿ ಕಂದು ಅಂಟು ಒಸರುತ್ತದೆ. ಮೋಹಕ ಬಲೆ, ಅಂದರೆ ಕ್ಯೂಲ್ಯೂರ್ ಅನ್ನುವ ಆಕರ್ಷಕ ವಸ್ತು ಇಟ್ಟ ಡಬ್ಬಿ, ಗಂಡು ನೊಣವನ್ನಷ್ಟೇ ಸೆಳೆಯುತ್ತದೆ. ಒಂದೇ ಹಿತ್ತಲಲ್ಲಿ ಅದರಿಂದ ಪೂರ್ತಿ ರಕ್ಷಣೆ ಸಿಗದು, ನೊಣ ಬಂದಿದೆಯೋ ಇಲ್ಲವೋ ಅನ್ನುವುದು ತಿಳಿಯುತ್ತದೆ. ಅದಕ್ಕಿಂತ ಮೇಲು, ಪರಾಗ ಸವರಿದ ಮರುದಿನವೇ ಮಿಡಿಗೆ ಹಳೆ ಪಂಚೆಯ ತುಂಡು ಅಥವಾ ಕಾಗದದ ಚೀಲ ಕಟ್ಟುವುದು. ಹುಳುಬಿದ್ದ ಕಾಯಿಯನ್ನು ತಿಪ್ಪೆಗೆ ಎಸೆದರೆ ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕೆಲವು ದಿನ ಬಿಸಿಲಿಗಿಡಿ. ಬೇವಿನೆಣ್ಣೆ ಏನಾದರೂ ಸಿಂಪಡಿಸುವುದಿದ್ದರೆ ಸಂಜೆ, ಬೆಳಗ್ಗೆ ಹೂ ತೆರೆದಿರುವಾಗ ಬೇಡ.

ಬೀಜ ಉಳಿಸುವವರಿಗೆ

ಪಕ್ಕದ ಬಳ್ಳಿಯ ಪರಾಗ ಬಿದ್ದರೆ ಈ ಸಲದ ಕಾಯಿಯ ರುಚಿ ಕೆಡುತ್ತದೆ ಅನ್ನುವುದು ತಪ್ಪು. ತಿರುಳು ತಾಯಿಬಳ್ಳಿಯದು. ಬೆರಕೆ ಇರುವುದು ಬೀಜದೊಳಗೆ, ಕಾಣುವುದು ಮುಂದಿನ ಬೆಳೆಯಲ್ಲಿ. ಹಾಗಾಗಿ ಬೀಜಕ್ಕೆಂದು ಬಿಡುವ ಹೆಣ್ಣು ಹೂವನ್ನೂ, ಪರಾಗ ತೆಗೆಯುವ ಗಂಡು ಹೂವನ್ನೂ ಹಿಂದಿನ ಸಂಜೆಯೇ ದಾರ ಕಟ್ಟಿ ಮುಚ್ಚಿಡಿ. ಉಳಿಸಿದ ಬೀಜದಿಂದ ಬಂದ ಕಾಯಿ ಕಹಿಯಾಗಿದ್ದರೆ ಒಂದು ಚೂರೂ ತಿನ್ನಬೇಡಿ. ಕಹಿಗೆ ಕಾರಣ ಕುಕರ್ಬಿಟಾಸಿನ್, ಬೇಯಿಸಿದರೂ ಹೋಗುವುದಿಲ್ಲ, ವಾಂತಿಭೇದಿ ತರಿಸುತ್ತದೆ.

ಸೀಮೆಬದನೆಯ ಬೀಜ ತೆಗೆಯುವ ಪ್ರಶ್ನೆಯೇ ಇಲ್ಲ. ಒಂದು ಕಾಯಿಗೆ ಒಂದೇ ಬೀಜ, ಅದೂ ಕಾಯಿಯೊಳಗೇ ಮೊಳೆಯುತ್ತದೆ. ಮೊಳಕೆ ಇಣುಕಿದ ಇಡೀ ಕಾಯನ್ನೇ ಅರ್ಧ ಹೂಳಿ.

ಕೊಯ್ಲು

ಸಿಹಿಗುಂಬಳದ ತೊಟ್ಟು ಒಣಗಿ ಮರದಂತಾಗಿ, ಉಗುರು ಸಿಪ್ಪೆಗೆ ಇಳಿಯದಿದ್ದರೆ ಬಲಿತಿದೆ. ಎರಡಿಂಚು ತೊಟ್ಟು ಬಿಟ್ಟು ಕೊಯ್ಯಿರಿ. ತೊಟ್ಟು ಮುರಿದ ಕಾಯಿ ಅಲ್ಲಿಂದಲೇ ಕೊಳೆಯುತ್ತದೆ, ಅದನ್ನು ಮೊದಲು ಅಡುಗೆಗೆ ಹಾಕಿ. ಬೂದುಗುಂಬಳ ಎಳೆಯದಾಗಿದ್ದಾಗ ಮೈತುಂಬ ರೋಮ. ಬಲಿತಂತೆ ರೋಮ ಉದುರಿ ಬಿಳಿ ಮೇಣದ ಪುಡಿ ಕೂರುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯ ಕಳ್ಳ ಕದ್ದದ್ದು ಬಲಿತ ಬೂದುಗುಂಬಳವನ್ನೇ. ಎಳೆಯದಾಗಿದ್ದರೆ ಹೆಗಲ ಮೇಲೆ ಗುರುತೇ ಉಳಿಯುತ್ತಿರಲಿಲ್ಲ. ಆ ಮೇಣವೇ ಕಾಯಿಯನ್ನು ತಿಂಗಳುಗಟ್ಟಲೆ ಕಾಯುವುದರಿಂದ ತೊಳೆದಿಡಬೇಡಿ.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬಾಳೆನಾರಿನಿಂದ ಕಟ್ಟಿ ಜಂತಿಗೆ ನೇತುಹಾಕುತ್ತಾರೆ, ಒಂದಕ್ಕೊಂದು ತಾಗದಂತೆ. ನೇತುಹಾಕಲು ಜಂತಿಯಿಲ್ಲದವರು ಗಾಳಿಯಾಡುವ ಮೂಲೆಯಲ್ಲಿ ಒಣಹುಲ್ಲಿನ ಮೇಲಿಡಿ. ವಾರಕ್ಕೊಮ್ಮೆ ತಳ ಮುಟ್ಟಿ ನೋಡಿ. ಎಲ್ಲಾದರೂ ಮೆತ್ತಗಾಗಲು ಶುರುವಾಗಿದ್ದರೆ ಅಷ್ಟು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಅವತ್ತೇ ಹುಳಿಗೆ ಹಾಕಿ.