ಮಾತಿನ ಪಾಠ ತಪ್ಪು ತಿದ್ದುವ ಪಾಠವಾದ ಬಗೆ

ಅಮೆರಿಕದ ಕಾಲೇಜು ಸೇರುವವರು ಇಂಜಿನಿಯರಿಂಗ್ ಓದಲಿ, ಸಂಗೀತ ಓದಲಿ, ಮೊದಲ ವರ್ಷದ ಬರವಣಿಗೆ ಕೋರ್ಸು ಸಾಮಾನ್ಯವಾಗಿ ತಪ್ಪುವುದಿಲ್ಲ. ಅದು ಬೇಕೇ, ಬೇಡವೇ, ಅದರಲ್ಲಿ ಕಲಿಸಬೇಕಾದದ್ದೇನು ಎಂಬ ಜಗಳಕ್ಕೆ ನೂರು ವರ್ಷ ದಾಟಿದೆ. ಇದರ ಬೇರು ಹುಡುಕಿದರೆ ಹಾರ್ವರ್ಡ್‌ಗೆ ಹೋಗಬೇಕು.

ಅಲ್ಲಿ ರೆಟರಿಕ್‌ಗೆಂದೇ ಇದ್ದ ಬಾಯ್ಲ್‌ಸ್ಟನ್ ಪೀಠದಲ್ಲಿ 1806ರಲ್ಲಿ ಮೊದಲು ಕೂತವರು ಜಾನ್ ಕ್ವಿನ್ಸಿ ಆಡಮ್ಸ್, ಮುಂದೆ ದೇಶದ ಅಧ್ಯಕ್ಷರಾದವರು. ಆಗ ರೆಟರಿಕ್ ಎಂದರೆ ಕೋರ್ಟು, ಚರ್ಚು, ಶಾಸನಸಭೆಗಳಲ್ಲಿ ಎದ್ದು ನಿಂತು ಜನರನ್ನು ಒಪ್ಪಿಸುವ ವಿದ್ಯೆ. ಅರ್ಧ ಶತಮಾನದೊಳಗೆ ಆ ವಿದ್ಯೆಯ ಜಾಗಕ್ಕೆ ಕಾಗದ, ಲೇಖನಿ ಬಂದವು.

ನಿಜವಾದ ತಿರುವು 1869ರ ನಂತರದ್ದು. ಹಾರ್ವರ್ಡ್‌ನ ಹೊಸ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಐಚ್ಛಿಕ ವಿಷಯಗಳಿಗೆ ಬಾಗಿಲು ತೆರೆದರು. ಗ್ರೀಕ್, ಲ್ಯಾಟಿನ್‌ಗಳ ಹಿಡಿತ ಸಡಿಲಿತು, ಇಂಗ್ಲಿಷಿನ ಬೆಲೆ ಏರಿತು. 1874ರಲ್ಲಿ ಪ್ರವೇಶ ಪರೀಕ್ಷೆಗೆ ಒಂದು ಸಣ್ಣ ಪ್ರಬಂಧ ಸೇರಿತು. ಶೇಕ್ಸ್‌ಪಿಯರ್, ಗೋಲ್ಡ್‌ಸ್ಮಿತ್, ಸ್ಕಾಟ್‌ರ ಗೊತ್ತಾದ ಕೃತಿಗಳಿಂದ ವಿಷಯ; ನೋಡುತ್ತಿದ್ದದ್ದು ಕಾಗುಣಿತ, ವಿರಾಮಚಿಹ್ನೆ, ವ್ಯಾಕರಣ, ಅಭಿವ್ಯಕ್ತಿ. ಹುಡುಗ ಹೇಳಹೊರಟದ್ದೇನು ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ನನ್ನ ಮಟ್ಟಿಗೆ ಈ ಕಥೆಯ ಗಂಟು ಬಿದ್ದದ್ದು ಇಲ್ಲೇ.

ಪತ್ರಿಕೋದ್ಯಮದಿಂದ ಬಂದ ಆಡಮ್ಸ್ ಶೆರ್ಮನ್ ಹಿಲ್ 1876ರಲ್ಲಿ ಅದೇ ಪೀಠ ಏರಿದರು. ಬರವಣಿಗೆ ಕೋರ್ಸು ಮೊದಲ ವರ್ಷಕ್ಕೇ ಬರಬೇಕೆಂದು ಅವರು ಪಟ್ಟು ಹಿಡಿದರು. 1885ರಲ್ಲಿ 'ಇಂಗ್ಲಿಷ್ ಎ' ಹಾಗೇ ಬಂತು. ಅಲ್ಲಿನ ಅಧ್ಯಾಪಕ ಬ್ಯಾರೆಟ್ ವೆಂಡೆಲ್ ತಮ್ಮ 'ಇಂಗ್ಲಿಷ್ 12' ತರಗತಿಯಲ್ಲಿ ದಿನಕ್ಕೊಂದು ಪುಟ ಬರೆಸುತ್ತಿದ್ದರು. ಬರೆದವರು ಬರೆದರು, ತಿದ್ದುವವರ ಮೇಜಿನ ಮೇಲೆ ಕಾಗದದ ರಾಶಿ ಬೆಳೆಯಿತು. ಅಷ್ಟೊಂದು ಪ್ರಬಂಧಗಳ ಮುಂದೆ ಕೂತವರ ಕಣ್ಣಿಗೆ ಮೊದಲು ಬೀಳುವುದು ತಪ್ಪೇ.

ಆದರೂ ಆ ತರಗತಿಯಿಂದ ಒಳ್ಳೆಯದೇನೂ ಹುಟ್ಟಲಿಲ್ಲ ಎಂದರೆ ಅನ್ಯಾಯ. ಕಪ್ಪು ಜನರ ಹಕ್ಕಿಗಾಗಿ ಮುಂದೆ ದೊಡ್ಡ ದನಿಯಾದ ಡಬ್ಲ್ಯೂ.ಇ.ಬಿ. ಡುಬಾಯ್ಸ್ 1888ರಲ್ಲಿ ಹಾರ್ವರ್ಡ್ ಸೇರಿದಾಗ ಆವೇಶದಿಂದ ಬರೆದ ಮೊದಲ ಪ್ರಬಂಧಕ್ಕೆ ಸಿಕ್ಕಿದ್ದು 'ಇ', ಅಂದರೆ ಫೇಲು. ಅವರು ಮುನಿಸಿಕೊಂಡು ಕೂರಲಿಲ್ಲ, 'ಇಂಗ್ಲಿಷ್ 12' ಸೇರಿದರು. ಲೋಕಕ್ಕೆ ಹೇಳುವ ಮಾತೊಂದು ತನ್ನಲ್ಲಿದೆ, ಅದನ್ನು ಚೆನ್ನಾಗಿ ಹೇಳಲು ಈ ಕೋರ್ಸು ತೆಗೆದುಕೊಂಡಿದ್ದೇನೆ ಎಂದು ಅಲ್ಲಿ ಬರೆದರು. ವೆಂಡೆಲ್ ಅದನ್ನು ಇಡೀ ತರಗತಿಗೆ ಓದಿ ಹೇಳಿದರು.

ತಿದ್ದುವವರ ಹೊರೆ ಮಾತ್ರ ಇಳಿಯಲಿಲ್ಲ. 1892ರಲ್ಲಿ ಹಾರ್ವರ್ಡ್‌ನ ಸಮಿತಿಯೊಂದು ವಿದ್ಯಾರ್ಥಿಗಳ ಕೈಬರಹವನ್ನು ಇದ್ದ ಹಾಗೇ ಅಚ್ಚು ಹಾಕಿಸಿ, ಬರವಣಿಗೆ ತಿದ್ದುವ ಈ ಕೆಲಸ ಪ್ರೌಢಶಾಲೆಗಳದ್ದು ಎಂದು ತಳ್ಳಿತು. ಸಮಿತಿಯ ಮೂವರಲ್ಲಿ ಒಬ್ಬರೂ ಬರವಣಿಗೆ ಕಲಿಸುವ ಮೇಷ್ಟ್ರಲ್ಲ. ಮಿಷಿಗನ್‌ನಲ್ಲಿ ಫ್ರೆಡ್ ನ್ಯೂಟನ್ ಸ್ಕಾಟ್ ಮತ್ತು ಅವರ ಶಿಷ್ಯೆ, ವ್ಯಾಸರ್ ಕಾಲೇಜಿನ ಗರ್ಟ್ರೂಡ್ ಬಕ್ ಬೇರೆ ದಾರಿ ಹಿಡಿದು, ಬರವಣಿಗೆ ಎಂದರೆ ಒಬ್ಬರು ಇನ್ನೊಬ್ಬರನ್ನು ಮುಟ್ಟುವ ಕೆಲಸ ಎಂದು ವಾದಿಸಿದರು. ಅವರ ಮಾತು ಆಗ ಹೆಚ್ಚು ನಡೆಯಲಿಲ್ಲ, ನಡೆಯಬೇಕಿತ್ತು.

1911ರಲ್ಲಿ ಇಂಗ್ಲಿಷ್ ಅಧ್ಯಾಪಕರು ರಾಷ್ಟ್ರೀಯ ಮಂಡಳಿ ಕಟ್ಟಿಕೊಂಡರು. ಸ್ಕಾಟ್ ಅದರ ಮೊದಲ ಅಧ್ಯಕ್ಷರು. ಮರುವರ್ಷ ಹೊರಟ ಮಂಡಳಿಯ ಪತ್ರಿಕೆಯ ಮೊದಲ ಲೇಖನ ಕೇಳಿದ್ದು, ಈಗಿನ ಪರಿಸ್ಥಿತಿಯಲ್ಲಿ ಬರವಣಿಗೆಯನ್ನು ಚೆನ್ನಾಗಿ ಕಲಿಸಲು ಸಾಧ್ಯವೇ ಎಂದು. ಇಲ್ಲ ಎಂದೇ ಉತ್ತರ ಶುರುವಾಗುತ್ತದೆ. ಕಾರಣ, ಒಬ್ಬೊಬ್ಬ ಮೇಷ್ಟ್ರ ಪಾಲಿಗೆ ಬರುವ ಪ್ರಬಂಧಗಳ ಸಂಖ್ಯೆ.