ಎರಡು ಸೆಕೆಂಡಿನ ಸ್ಫೋಟದ ಕಡೆಗೆ ಟೆಲಿಸ್ಕೋಪ್ ತಿರುಗಿಸುವುದು ಹೇಗೆ?

ಓದುಗರ ಪ್ರಶ್ನೆ: ಗಾಮಾ ಕಿರಣ ಸ್ಫೋಟ ಕೆಲವೇ ಸೆಕೆಂಡು ಇರುತ್ತದೆ ಅಂತ ಓದಿದೆ. ಯಾವಾಗ ಆಗುತ್ತದೆ, ಆಕಾಶದ ಯಾವ ಮೂಲೆಯಲ್ಲಿ ಆಗುತ್ತದೆ ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ನನ್ನ ಟೆಲಿಸ್ಕೋಪಿನಲ್ಲಿ ಶನಿ ಗ್ರಹ ಹುಡುಕಿ ನಿಲ್ಲಿಸುವುದಕ್ಕೇ ಐದು ನಿಮಿಷ ಬೇಕು. ಹಾಗಿರುವಾಗ ವಿಜ್ಞಾನಿಗಳು ಅದನ್ನು ಹಿಡಿಯುವುದು ಹೇಗೆ? ನಮ್ಮ ಕೊಡಗಿನಿಂದ ನೋಡೋಕೆ ಆಗುತ್ತಾ?
ಸೋಮವಾರಪೇಟೆ ಕಡೆಯ ಪಿಯುಸಿ ವಿದ್ಯಾರ್ಥಿನಿ

ಉತ್ತರ: ಈ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ. ಶನಿಯನ್ನು ಹುಡುಕಿದ ಅನುಭವ ಇಟ್ಟುಕೊಂಡು ನೀವು ಕೇಳಿದ್ದರಿಂದ ಉತ್ತರ ಹೇಳುವುದು ಸುಲಭವಾಯಿತು.

ರಾತ್ರಿ ಹನ್ನೊಂದು ಗಂಟೆಗೆ ಪಕ್ಕದ ತೋಟಕ್ಕೆ ಆನೆ ಬಂತು ಅಂದುಕೊಳ್ಳಿ. ಓಡಿಸಲು ಯಾರೋ ಪಟಾಕಿ ಹೊಡೆಯುತ್ತಾರೆ. ಅದು ಗೊತ್ತಾಗಲು ನೀವು ಮೊದಲೇ ಆ ಕಡೆ ಮುಖ ಮಾಡಿ ಕೂತಿರಬೇಕಾಗಿಲ್ಲ ಅಲ್ವಾ? ಕಿವಿ ನಾಲ್ಕೂ ದಿಕ್ಕಿಗೆ ತೆರೆದಿರುತ್ತದೆ. ಸದ್ದು ಕೇಳಿದ ಮೇಲೆ ಹೊಳೆ ಕಡೆಯಿಂದ ಬಂತು ಅಂತ ಅಂದಾಜು ಮಾಡುತ್ತೀರಿ. ಟಾರ್ಚ್ ಆ ಕಡೆ ತಿರುಗುತ್ತದೆ. ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳಿಗೆ ಫೋನ್ ಹೋಗಿರುತ್ತದೆ. ಗಾಮಾ ಸ್ಫೋಟವನ್ನು ಹಿಡಿಯುವುದೂ ಹೀಗೇ. ಕಿವಿ, ಟಾರ್ಚ್, ಫೋನ್ ಮೂರೂ ಬೇಕು.

ಗಾಮಾ ಕಿರಣ ಅಂದರೆ ಎಕ್ಸ್‌ರೇಗಿಂತಲೂ ಹೆಚ್ಚು ಶಕ್ತಿಯ, ಕಣ್ಣಿಗೆ ಕಾಣದ ಬೆಳಕು. ಕಿವಿಯ ಕೆಲಸ ಮಾಡುವುದು ಉಪಗ್ರಹಗಳು. ಗಾಮಾ ಕಿರಣಗಳನ್ನು ನಮ್ಮ ಮೇಲಿನ ಗಾಳಿಯ ಹೊದಿಕೆ ಹೀರಿಬಿಡುತ್ತದೆ, ಹಾಗಾಗಿ ಗಾಳಿಯ ಆಚೆ ಹೋಗಿ ಕಾಯಬೇಕು. ಮೊದಲ ಸ್ಫೋಟ ಸಿಕ್ಕಿದ್ದು 1967ರ ಜುಲೈ 2ರಂದು, ಅದೂ ಬೇರೇನೋ ಹುಡುಕುತ್ತಿದ್ದಾಗ. ಯಾರಾದರೂ ಕದ್ದು ಅಣುಬಾಂಬ್ ಪರೀಕ್ಷೆ ಮಾಡುತ್ತಾರಾ ಅಂತ ಕಾಯಲು ಅಮೆರಿಕ ವೇಲಾ ಎಂಬ ಉಪಗ್ರಹಗಳನ್ನು ಇಟ್ಟಿತ್ತು. ಅವುಗಳಿಗೆ ಗಾಮಾ ಕಿರಣ ಕಂಡಿತು. ಒಂದು ಉಪಗ್ರಹಕ್ಕೆ ಮುಟ್ಟಿದ ಹೊತ್ತಿಗೂ ಇನ್ನೊಂದಕ್ಕೆ ಮುಟ್ಟಿದ ಹೊತ್ತಿಗೂ ಇದ್ದ ಸಣ್ಣ ವ್ಯತ್ಯಾಸ ಲೆಕ್ಕ ಹಾಕಿದಾಗ, ಇಂಥವು ಭೂಮಿಯಿಂದಲೂ ಸೂರ್ಯನಿಂದಲೂ ಬರುತ್ತಿಲ್ಲ ಅಂತ ತಿಳಿಯಿತು. ಈ ಸುದ್ದಿ ಹೊರಬಂದದ್ದು 1973ರಲ್ಲಿ.

1991ರಲ್ಲಿ ಕಾಂಪ್ಟನ್ ಎಂಬ ದೊಡ್ಡ ವೀಕ್ಷಣಾಲಯ ಮೇಲೆ ಹೋಯಿತು. ಅದರ ಎಂಟು ಮೂಲೆಗಳಲ್ಲಿ ಎಂಟು ಪತ್ತೆಕಾರಕಗಳಿದ್ದವು. ಒಂಬತ್ತು ವರ್ಷದಲ್ಲಿ 2704 ಸ್ಫೋಟಗಳು ದಾಖಲಾದವು. ದಿನಕ್ಕೆ ಸುಮಾರು ಒಂದು! ಅವು ಆಕಾಶದ ಎಲ್ಲ ಕಡೆ ಸಮನಾಗಿ ಹರಡಿದ್ದವು. ಆದರೆ ಕಿವಿಯ ತೊಂದರೆಯೇ ಇದು. ಸದ್ದು ಬಂತು ಅಂತ ಗೊತ್ತಾಗುತ್ತದೆ, ಯಾವ ಮರದ ಹಿಂದಿನಿಂದ ಅಂತ ಗೊತ್ತಾಗುವುದಿಲ್ಲ. ಕೆಲವು ಡಿಗ್ರಿ ಆಚೆ ಈಚೆ ಅಂದರೆ ಟೆಲಿಸ್ಕೋಪಿನ ಲೆಕ್ಕದಲ್ಲಿ ಅದು ಇಡೀ ಹೋಬಳಿ.

ದಿಕ್ಕನ್ನು ಸರಿಯಾಗಿ ಹಿಡಿಯುವ ಉಪಾಯ ನನಗೆ ತುಂಬಾ ಇಷ್ಟ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಮಾ ಕಿರಣವನ್ನು ಮಸೂರದಲ್ಲಿ ಬಗ್ಗಿಸಿ ಒಂದು ಕಡೆ ಸೇರಿಸಲು ಆಗುವುದಿಲ್ಲ. ಹಾಗಾಗಿ ನೆರಳನ್ನು ನೋಡುತ್ತಾರೆ. ನಿಮ್ಮ ಮನೆಯ ಕಾಫಿ ಕಣದ ಪಕ್ಕದ ಸಿಲ್ವರ್ ಮರ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಅದರ ಎಲೆಗಳ ನೆರಳು ಕಣದ ಒಂದು ಕಡೆ ಬೀಳುತ್ತದೆ, ಸಂಜೆ ಇನ್ನೊಂದು ಕಡೆ. ಸೂರ್ಯನನ್ನು ನೋಡದೆಯೇ, ನೆರಳು ಎಷ್ಟು ಸರಿದಿದೆ ಅಂತ ನೋಡಿ ಸೂರ್ಯ ಎಲ್ಲಿದ್ದಾನೆ ಅಂತ ಹೇಳಬಹುದು. 2004ರ ನವೆಂಬರ್ 20ರಂದು ಹಾರಿದ ಸ್ವಿಫ್ಟ್ ಉಪಗ್ರಹ ಮಾಡುವುದು ಇದನ್ನೇ. ಅದರ ತಲೆಯ ಮೇಲೆ 50 ಸಾವಿರಕ್ಕೂ ಹೆಚ್ಚು ಸೀಸದ ಸಣ್ಣ ಬಿಲ್ಲೆಗಳಿವೆ, ಒಂದೊಂದೂ ಐದು ಮಿಲಿಮೀಟರ್ ಅಗಲ. ಅವನ್ನು ಬೇಕೆಂದೇ ಅಡ್ಡಾದಿಡ್ಡಿಯಾಗಿ ಜೋಡಿಸಿದ್ದಾರೆ. ಕೆಳಗೆ 32,768 ಪತ್ತೆಕಾರಕ ತುಣುಕುಗಳ ಹಾಸು. ಸ್ಫೋಟದ ಕಿರಣ ಬಂದಾಗ ಬಿಲ್ಲೆಗಳ ನೆರಳು ಆ ಹಾಸಿನ ಮೇಲೆ ಬೀಳುತ್ತದೆ. ಜೋಡಣೆ ಅಡ್ಡಾದಿಡ್ಡಿ ಇರುವುದರಿಂದ ಒಂದೊಂದು ದಿಕ್ಕಿಗೆ ಒಂದೊಂದು ನೆರಳು. ಕಂಪ್ಯೂಟರ್ ಆ ನೆರಳನ್ನು ಓದಿ ಕೆಲವೇ ಸೆಕೆಂಡಿನಲ್ಲಿ ಜಾಗ ಹೇಳುತ್ತದೆ. ಅದರ ತಪ್ಪು ಹುಣ್ಣಿಮೆ ಚಂದ್ರನ ಅಗಲದ ಹತ್ತನೇ ಒಂದು ಭಾಗದಷ್ಟು ಮಾತ್ರ.

ಆಮೇಲೆ ಯಾರ ಅಪ್ಪಣೆಗೂ ಕಾಯದೆ ಇಡೀ ಉಪಗ್ರಹ ಆ ಕಡೆ ತಿರುಗುತ್ತದೆ. ಒಂದು ನಿಮಿಷ, ಒಂದೂವರೆ ನಿಮಿಷ ಸಾಕು. ಅದರ ಎಕ್ಸ್‌ರೇ ಟೆಲಿಸ್ಕೋಪ್ ಜಾಗವನ್ನು ಇನ್ನೂ ಎಷ್ಟೋ ಪಟ್ಟು ಸರಿಯಾಗಿ ಗುರುತಿಸುತ್ತದೆ. ಹೋಬಳಿ ಈಗ ಒಂದು ಮನೆಯ ಅಂಗಳವಾಯಿತು.

ಅಷ್ಟರಲ್ಲಿ ಸ್ಫೋಟ ಮುಗಿದಿರುತ್ತದೆಯಲ್ಲ, ಅಂತ ನೀವು ಕೇಳುತ್ತೀರಿ. ಹೌದು, ಎಷ್ಟೋ ಸಲ ಮುಗಿದಿರುತ್ತದೆ. ನೆಲದ ಟೆಲಿಸ್ಕೋಪುಗಳು ನೋಡುವುದು ಸ್ಫೋಟದ ನಂತರ ಉಳಿಯುವ ಬೆಳಕನ್ನು. ವಿಜ್ಞಾನಿಗಳು ಆಫ್ಟರ್‌ಗ್ಲೋ ಅನ್ನುತ್ತಾರೆ, ಇಲ್ಲಿ ಉಳಿಬೆಳಕು ಅನ್ನೋಣ. ಸ್ಫೋಟದಿಂದ ಹೊರಟ ವಸ್ತುವಿನ ಧಾರೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಹೋಗಿ ಸುತ್ತಲಿನ ಅನಿಲಕ್ಕೆ ಗುದ್ದುತ್ತದೆ. ಆ ಗುದ್ದಿನಿಂದ ಎಕ್ಸ್‌ರೇ, ಮಾಮೂಲಿ ಬೆಳಕು, ರೇಡಿಯೋ ಅಲೆ ಎಲ್ಲವೂ ಹೊರಡುತ್ತವೆ. ಇದು ಗಂಟೆಗಟ್ಟಲೆ, ದಿನಗಟ್ಟಲೆ ಇರುತ್ತದೆ. ರೇಡಿಯೋದಲ್ಲಿ ತಿಂಗಳುಗಟ್ಟಲೆ.

ಉಳಿಬೆಳಕು ಮೊದಲು ಸಿಕ್ಕಿದ್ದು 1997ರ ಫೆಬ್ರವರಿ 28ರ ಸ್ಫೋಟದಲ್ಲಿ. ಇಟಲಿ ಮತ್ತು ನೆದರ್ಲೆಂಡ್ಸ್ ಸೇರಿ ಮಾಡಿದ ಬೆಪ್ಪೋಸ್ಯಾಕ್ಸ್ ಉಪಗ್ರಹ ಎಕ್ಸ್‌ರೇಯಲ್ಲಿ ಜಾಗ ಗುರುತಿಸಿತು. ಒಂದು ದಿನ ತುಂಬುವುದರೊಳಗೆ ಲಾ ಪಾಲ್ಮಾ ದ್ವೀಪದ 4.2 ಮೀಟರ್ ಟೆಲಿಸ್ಕೋಪ್ ಅಲ್ಲಿ ಒಂದು ಮಂಕು ಚುಕ್ಕಿ ಕಂಡಿತು. ಅದೇ ವರ್ಷ ಮೇ 8ರ ಸ್ಫೋಟದ ಬೆಳಕನ್ನು ಹವಾಯಿಯ ಕೆಕ್ ಟೆಲಿಸ್ಕೋಪ್ ಬಣ್ಣಗಳಾಗಿ ಒಡೆದು ನೋಡಿತು. ಅದು ನೂರಾರು ಕೋಟಿ ಜ್ಯೋತಿರ್ವರ್ಷ ಆಚೆಯದು ಅಂತ ಗೊತ್ತಾಯಿತು. ಇವು ನಮ್ಮ ಆಕಾಶಗಂಗೆಯ ಸುತ್ತಮುತ್ತ ಇವೆಯೋ, ತುಂಬ ದೂರದವೋ ಅಂತ ನಡೆಯುತ್ತಿದ್ದ ವರ್ಷಗಳ ವಾದ ಅಲ್ಲಿಗೆ ನಿಂತಿತು. ಗಾಮಾ ಕಿರಣದ ವಾದವನ್ನು ಬಗೆಹರಿಸಿದ್ದು ನಮ್ಮ ಕಣ್ಣಿಗೆ ಕಾಣುವಂಥ ಬೆಳಕು. ನೆಲದ ಟೆಲಿಸ್ಕೋಪ್ ಯಾಕೆ ಬೇಕು ಅನ್ನುವುದಕ್ಕೆ ನಾನು ಕೊಡುವ ಮೊದಲ ಉತ್ತರ ಇದೇ.

ಇನ್ನು ಫೋನ್. ಉಪಗ್ರಹ ಕಳಿಸಿದ ಜಾಗದ ಲೆಕ್ಕ ಜಿಸಿಎನ್ ಎಂಬ ಜಾಲದ ಮೂಲಕ ಕ್ಷಣದಲ್ಲಿ ಲೋಕಕ್ಕೆಲ್ಲ ಹೋಗುತ್ತದೆ. ರೋಬಾಟ್ ಟೆಲಿಸ್ಕೋಪುಗಳು ಆ ಸಂದೇಶ ಸಿಕ್ಕ ಕೂಡಲೇ ತಾವಾಗಿಯೇ ತಿರುಗುತ್ತವೆ. ಮನುಷ್ಯರು ಹಾಸಿಗೆಯಿಂದ ಏಳುವಷ್ಟರಲ್ಲಿ ಮೊದಲ ಫೋಟೋ ಬಂದಿರುತ್ತದೆ. ಯಾರು ಏನು ನೋಡಿದರೂ ಅದೇ ಜಾಲದಲ್ಲಿ ಬರೆದು ಎಲ್ಲರಿಗೂ ತಿಳಿಸುತ್ತಾರೆ. ಸ್ಫೋಟಕ್ಕೆ ಹೆಸರು ಇಡುವುದೂ ಸರಳ. ವರ್ಷ, ತಿಂಗಳು, ತಾರೀಕು, ಕೊನೆಗೆ ಒಂದು ಅಕ್ಷರ.

ಮೊದಲೇ ಆ ಕಡೆ ನೋಡುತ್ತಿದ್ದು ಸಿಕ್ಕಿದ್ದೂ ಉಂಟು. 2008ರ ಮಾರ್ಚ್ 19ರಂದು ಒಂದು ಸ್ಫೋಟ ಆಯಿತು. ಕ್ಯಾಮೆರಾಗಳು ಆ ಸ್ಫೋಟವನ್ನು ನೋಡುತ್ತಿರುವಾಗಲೇ, ಅರ್ಧ ಗಂಟೆ ಕಳೆದು, ಪಕ್ಕದಲ್ಲೇ ಇನ್ನೊಂದು ಆಯಿತು. ಅದರ ಬೆಳಕು ಸುಮಾರು 750 ಕೋಟಿ ವರ್ಷ ನಡೆದು ಬಂದದ್ದು. ಆದರೂ ಅರ್ಧ ನಿಮಿಷದಷ್ಟು ಹೊತ್ತು, ಕತ್ತಲ ಜಾಗದಲ್ಲಿ ಬರಿಗಣ್ಣಿಗೇ ಕಾಣುವಷ್ಟು ಹೊಳೆಯಿತು. ನಮಗೆ ಆಗ ಬೆಳಿಗ್ಗೆ 11:42, ನೆತ್ತಿಯ ಮೇಲೆ ಬಿಸಿಲು.

ನಿಮ್ಮ ಎರಡನೇ ಪ್ರಶ್ನೆಗೆ ಬರುವ ಮೊದಲು ಒಂದು ದಿನ ನೆನಪಿಸುತ್ತೇನೆ. 2022ರ ಅಕ್ಟೋಬರ್ 9, ಭಾನುವಾರ, ಹುಣ್ಣಿಮೆ. ತಲಕಾವೇರಿಯ ತುಲಾ ಸಂಕ್ರಮಣಕ್ಕೆ ಇನ್ನು ಎಂಟು ದಿನ. ಸಂಜೆ 6:47ಕ್ಕೆ, ದೀಪ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ, ಇಲ್ಲಿಯವರೆಗೆ ದಾಖಲಾದ ಎಲ್ಲ ಗಾಮಾ ಸ್ಫೋಟಗಳಿಗಿಂತ ಪ್ರಖರವಾದ ಸ್ಫೋಟದ ಕಿರಣಗಳು ಭೂಮಿಗೆ ಮುಟ್ಟಿದವು. ಅದು ಬಂದ ಜಾಗ ಶ್ರವಣ ಮತ್ತು ಅಭಿಜಿತ್ ನಕ್ಷತ್ರಗಳ ನಡುವೆ. ಆ ಹೊತ್ತಿಗೆ ಕೊಡಗಿನಲ್ಲಿ ಆ ಜಾಗ ಎಲ್ಲಿತ್ತು ಅಂತ ನಾನು ಲೆಕ್ಕ ಹಾಕಿ ನೋಡಿದೆ. ಹೆಚ್ಚುಕಡಿಮೆ ನೆತ್ತಿಯ ಮೇಲೆ! ನೇರ ಮೇಲಿನಿಂದ ಸುಮಾರು ಒಂಬತ್ತು ಡಿಗ್ರಿ ಆಚೆ ಅಷ್ಟೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲದಷ್ಟು.

ಆ ಕಿರಣಗಳು ಹೊರಟು ಸುಮಾರು 190 ಕೋಟಿ ವರ್ಷವಾಗಿತ್ತು. ಕೊಡಗಿನ ಅಡಿಯ ಬಂಡೆಗಳಿಗೆ 300 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಅಂದರೆ ಆ ಬೆಳಕು ಹೊರಟಾಗಲೇ ನಮ್ಮ ಬಂಡೆಗಳಿಗೆ ನೂರು ಕೋಟಿ ವರ್ಷ ದಾಟಿತ್ತು. ಅವು ಇಲ್ಲಿ ಕಾಯುತ್ತಾ ಇದ್ದವು, ಆ ಬೆಳಕು ಬಂತು. ಇದನ್ನು ಬರೆಯುವಾಗ ಈಗಲೂ ನನಗೆ ರೋಮಾಂಚನವಾಗುತ್ತದೆ. ಗಾಳಿ ನಮ್ಮನ್ನು ಕಾಪಾಡಿತು, ನಮಗೇನೂ ಆಗಲಿಲ್ಲ. ಆದರೆ ಮೇಲಿನ ವಾತಾವರಣದ ಅಯಾನುಗೋಳ, ಅಂದರೆ ವಿದ್ಯುತ್ ಕಣಗಳ ಪದರ, ಕದಡಿದ್ದು ಉಪಕರಣಗಳಿಗೆ ಗೊತ್ತಾಯಿತು.

ಅವತ್ತಿನ ಪತ್ತೆ ಕೆಲಸದಲ್ಲಿ ಒಂದು ಗೊಂದಲವೂ ಆಯಿತು. ಗಾಮಾ ಕಿರಣಕ್ಕೆ ಕಾಯುವ ಇನ್ನೊಂದು ಉಪಗ್ರಹ ಫರ್ಮಿಗೆ 6:47ಕ್ಕೇ ಗೊತ್ತಾಗಿತ್ತು. ಸ್ವಿಫ್ಟ್‌ಗೆ ಆ ಜಾಗ ಕಂಡದ್ದು 7:40ಕ್ಕೆ. ಅಷ್ಟು ಹೊತ್ತಾದ ಮೇಲೂ ಅಷ್ಟು ಹೊಳಪು, ಅದೂ ಆಕಾಶಗಂಗೆಯ ಪಟ್ಟಿಯ ಹತ್ತಿರ. ಹಾಗಾಗಿ ನಮ್ಮದೇ ಗ್ಯಾಲಕ್ಸಿಯ ಯಾವುದೋ ಹೊಸ ಕಾಯ ಇರಬೇಕು ಅಂದುಕೊಂಡರು. ಎರಡೂ ಸಂದೇಶ ಒಂದೇ ಘಟನೆಯವು ಅಂತ ಆಮೇಲೆ ಹೊಂದಿಸಿದರು. ಚಿಲಿಯ ದೊಡ್ಡ ಟೆಲಿಸ್ಕೋಪ್ ಅದರ ದೂರವನ್ನು ಅಳೆಯಿತು. ಅತಿ ಹೆಚ್ಚು ಶಕ್ತಿಯ ಕಿರಣಗಳು ಗಾಳಿಗೆ ಬಡಿದು ಕಣಗಳ ಮಳೆ ಎಬ್ಬಿಸುತ್ತವೆ. ಚೀನಾದ ಲಾಸೋ ಎಂಬ ಬೆಟ್ಟದ ಮೇಲಿನ ಪತ್ತೆಕೇಂದ್ರ ಅಂಥ 64 ಸಾವಿರಕ್ಕೂ ಹೆಚ್ಚು ಕಿರಣಗಳನ್ನು ಎಣಿಸಿತು.

ಈ ಕೆಲಸದಲ್ಲಿ ಭಾರತದ ಜಾಗವೂ ಮುಖ್ಯ. ಸ್ಫೋಟ ಆದಾಗ ಯಾವ ದೇಶದಲ್ಲಿ ರಾತ್ರಿಯೋ ಅವರೇ ಮೊದಲು ನೋಡಬೇಕು. ಲಡಾಖ್‌ನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, 0.7 ಮೀಟರಿನ ಗ್ರೋತ್-ಇಂಡಿಯಾ ಎಂಬ ರೋಬಾಟ್ ಟೆಲಿಸ್ಕೋಪ್ ಇದೆ. ಇಂಥ ಕ್ಷಣಿಕ ಬೆಳಕಿನ ಬೆನ್ನು ಹತ್ತುವುದೇ ಅದರ ಕೆಲಸ. ಪಕ್ಕದಲ್ಲೇ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್. ಅದನ್ನು ನಡೆಸುವವರು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತಿರುತ್ತಾರೆ. ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಹಾರಿತು. ಅದರಲ್ಲಿ ಹೆಚ್ಚು ಶಕ್ತಿಯ ಎಕ್ಸ್‌ರೇ ನೋಡುವ ಸಿಜೆಡ್‌ಟಿಐ ಉಪಕರಣವನ್ನು ಅಕ್ಟೋಬರ್ 6ರಂದು ಚಾಲೂ ಮಾಡಿದ ದಿನವೇ ಒಂದು ಗಾಮಾ ಸ್ಫೋಟ ಸಿಕ್ಕಿತು. ಆಮೇಲೆ ನೂರಾರು.

ಬೆನ್ನು ಹತ್ತಿದ್ದರಿಂದ ಏನು ಸಿಕ್ಕಿತು ಅಂದರೆ, ಎರಡು ಸೆಕೆಂಡಿಗಿಂತ ಉದ್ದದ ಸ್ಫೋಟಗಳಲ್ಲಿ ಹೆಚ್ಚಿನವು ಭಾರಿ ನಕ್ಷತ್ರ ಕುಸಿದು ಸಾಯುವಾಗ ಆಗುವಂಥವು. ಚಿಕ್ಕವು ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸತ್ತ ನಕ್ಷತ್ರಗಳ ತುಂಬ ಒತ್ತಾದ ತಿರುಳುಗಳು, ಡಿಕ್ಕಿಯಾದಾಗ ಆಗುವಂಥವು. ಎರಡನೆಯದಕ್ಕೆ ಗಟ್ಟಿ ಸಾಕ್ಷಿ 2017ರ ಆಗಸ್ಟ್ 17ರಂದು ಸಿಕ್ಕಿತು. ಕೊಡಗಿನ ಮಳೆಗಾಲದ ಕಕ್ಕಡ ತಿಂಗಳು ಮುಗಿಯುವ ಹೊತ್ತು. ಸಂಜೆ 6:11ಕ್ಕೆ ಗುರುತ್ವದ ಅಲೆ, ಅಂದರೆ ಡಿಕ್ಕಿಯಿಂದ ಆಕಾಶವೇ ಅಲುಗಿ ಎದ್ದ ಅಲೆ, ಬಂತು. 1.7 ಸೆಕೆಂಡ್ ಕಳೆದು ಗಾಮಾ ಕಿರಣ. ಸುಮಾರು 11 ಗಂಟೆ ಬಿಟ್ಟು, ರಾತ್ರಿ ಚಿಲಿಗೆ ಬಂದಾಗ, 13 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯಲ್ಲಿ ಅದರ ಬೆಳಕು ಸಿಕ್ಕಿತು. ಅದು ಮೊದಲು ನೀಲಿ ಇತ್ತು, ಕೆಲವೇ ದಿನದಲ್ಲಿ ಕೆಂಪಾಯಿತು. ಚಿನ್ನದಂಥ ಭಾರದ ಧಾತುಗಳು ಅಲ್ಲಿ ತಯಾರಾಗುತ್ತಿದ್ದವು ಅನ್ನುವುದರ ಗುರುತು ಅದು. ಮದುವೆಯಲ್ಲಿ ಅಜ್ಜಿಯ ಜೋಮಾಲೆ ಹಾಕಿಕೊಳ್ಳುವಾಗ ಇದು ನೆನಪಿರಲಿ. ಅದರ ಚಿನ್ನದಲ್ಲೂ ಇಂಥ ಡಿಕ್ಕಿಗಳ ಪಾಲು ಇರಬಹುದು. ಸೆಕೆಂಡಿನ ಲೆಕ್ಕ ಯಾವಾಗಲೂ ಸರಿಹೋಗುವುದಿಲ್ಲ. 2021ರ ಡಿಸೆಂಬರ್ 11ರ ಸ್ಫೋಟ ಉದ್ದದ್ದಾಗಿದ್ದರೂ ಡಿಕ್ಕಿಯ ಗುರುತು ತೋರಿಸಿತು.

ಈಗ, ಕೊಡಗಿನಿಂದ ಆಗುತ್ತಾ? ಕಣ್ಣಿಟ್ಟು ನೋಡಿದರೆ ಆಗುವುದಿಲ್ಲ. ಕ್ಯಾಮೆರಾ ಇದ್ದರೆ ಆಗುತ್ತದೆ. ಎಂಟು ಇಂಚಿನ ಟೆಲಿಸ್ಕೋಪ್, ನಕ್ಷತ್ರಗಳ ಜೊತೆ ತಾನೂ ತಿರುಗುವ ಮೌಂಟ್, ಖಗೋಳ ಕ್ಯಾಮೆರಾ, ಇಷ್ಟು ಇದ್ದರೆ ತುಂಬ ಫೋಟೋಗಳನ್ನು ಒಂದರ ಮೇಲೊಂದು ಸೇರಿಸಿ 17ನೇ ಕಾಂತಿಮಾನದ ಚುಕ್ಕಿಯವರೆಗೆ ಹೋಗಬಹುದು (ಕಾಂತಿಮಾನ ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಚುಕ್ಕಿ ಮಂಕು). ಒಳ್ಳೆಯ ಸ್ಫೋಟದ ಉಳಿಬೆಳಕು ಮೊದಲ ಗಂಟೆಯಲ್ಲಿ ಅಷ್ಟು ಇರುತ್ತದೆ. 2003ರಲ್ಲೇ ದಕ್ಷಿಣ ಆಫ್ರಿಕಾದ ಹವ್ಯಾಸಿ ಬರ್ಟೊ ಮೊನಾರ್ಡ್ ಒಂದು ಉಳಿಬೆಳಕನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿದಿದ್ದರು. ಈಗ ಕಿಲೋನೋವಾ ಕ್ಯಾಚರ್ ಎಂಬ ಹವ್ಯಾಸಿಗಳ ಬಳಗವೇ ಇದೆ. 2022ರ ಸ್ಫೋಟವನ್ನೂ ಅವರು ಹಿಂಬಾಲಿಸಿದರು. ಜಿಸಿಎನ್ ಸಂದೇಶಗಳು ಯಾರಿಗಾದರೂ ಪುಕ್ಕಟೆ ಸಿಗುತ್ತವೆ, ಇಮೇಲ್‌ಗೇ ಬರುತ್ತವೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ ಆಸೆ ಬಿಟ್ಟುಬಿಡಿ. ಪುತ್ತರಿ ಕಳೆದ ಮೇಲೆ ಆಕಾಶ ತೆರೆಯುತ್ತದೆ. ಮಡಿಕೇರಿ ಬೆಟ್ಟದ ಮಂಜು ಆಗಲೂ ಕಾಡುತ್ತದೆ, ಕುಶಾಲನಗರದ ಕಡೆ ವಾಸಿ. ತೋಟದ ನಡುವೆ ಮರಗಳು ಆಕಾಶ ಮುಚ್ಚುತ್ತವೆ. ತೆರೆದ ಜಾಗ ಅಂದರೆ ಕಣ. ಆ ತಿಂಗಳುಗಳಲ್ಲಿ ಅಲ್ಲಿ ಕಾಫಿ ಹರಡಿರುತ್ತದೆ, ಮನೆಯವರನ್ನು ಕೇಳಿ ಒಂದು ಮೂಲೆ ಬಿಡಿಸಿಕೊಳ್ಳಿ. ಹಗಲೆಲ್ಲ ಕಾದ ಸಿಮೆಂಟ್ ಸಂಜೆ ಬಿಸಿ ಬಿಡುತ್ತದೆ, ಚುಕ್ಕಿಗಳು ನಡುಗುತ್ತವೆ. ಎಂಟು ಗಂಟೆ ಕಳೆದ ಮೇಲೆ ಶುರು ಮಾಡಿದರೆ ಒಳ್ಳೆಯದು.

ಸಂದೇಶ ಬಂದ ಮೇಲೆ ತಡ ಮಾಡಬೇಡಿ. ಉಳಿಬೆಳಕು ಸುಮಾರಾಗಿ ಹೊತ್ತಿಗೆ ತಕ್ಕಂತೆ ಇಳಿಯುತ್ತದೆ. ಹತ್ತು ನಿಮಿಷಕ್ಕೆ ಇದ್ದದ್ದು ನೂರು ನಿಮಿಷಕ್ಕೆ ಹತ್ತನೇ ಒಂದು ಪಾಲು. ಫೋಟೋದಲ್ಲಿ ಒಂದು ಹೊಸ ಚುಕ್ಕಿ ಕಂಡರೆ ಮೊದಲು ಹಳೆಯ ನಕ್ಷತ್ರ ನಕ್ಷೆಯ ಜೊತೆ ಹೋಲಿಸಿ. ಸುಮ್ನೆ ದಾಟಿಹೋಗುವ ಕ್ಷುದ್ರಗ್ರಹ ಆಗಿದ್ದರೆ ಒಂದೆರಡು ಗಂಟೆಯಲ್ಲಿ ಜಾಗ ಬದಲಿಸುತ್ತದೆ. ಪ್ರತಿ ಫೋಟೋದ ಹೊತ್ತನ್ನು ಸೆಕೆಂಡಿನವರೆಗೆ ಬರೆದಿಡಿ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು ಯುಟಿಗೆ, ಅಂದರೆ ಲೋಕದ ವಿಜ್ಞಾನಿಗಳೆಲ್ಲ ಬಳಸುವ ಒಂದೇ ಸಮಯಕ್ಕೆ, ಬದಲಿಸಿ. ಮರುದಿನ ರಾತ್ರಿ ಅದೇ ಜಾಗದ ಫೋಟೋ ಮತ್ತೆ ತೆಗೆಯಿರಿ. ಚುಕ್ಕಿ ಅಲ್ಲೇ ಇದ್ದು ತುಂಬ ಮಂಕಾಗಿದ್ದರೆ, ಅಥವಾ ಕಾಣದೇ ಹೋದರೆ, ನನಗೂ ಒಂದು ಪತ್ರ ಬರೆಯಿರಿ.