ಡ್ರಮ್ಮಿನ ಒಳಗಿರುವುದು, ಕಾಗದದ ಮೇಲಿರುವುದು

ಗಸಗಸೆ ಕಾಳಿನಷ್ಟು ಸಣ್ಣ ಮಣಿ. ಕೆಲವು ಕಂದು, ಕೆಲವು ಜೇನಿನಂಥ ಹಳದಿ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಬೋರ್‌ವೆಲ್ ನೀರಿನ ಗಡಸುತನ ತೆಗೆಯಲು ಸಾಫ್ಟ್‌ನರ್ ಹಾಕಿಸಿರುತ್ತಾರಲ್ಲ, ಅದರ ಟ್ಯಾಂಕಿನೊಳಗೆ ತುಂಬಿರುವುದು ಇಂಥವೇ ಮಣಿಗಳು. ರೆಸಿನ್ ಅಂತ ಅದರ ಹೆಸರು. ನೀರು ಹಾದು ಹೋಗುವಾಗ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತದೆ. ಅಣು ವಿದ್ಯುತ್ ಸ್ಥಾವರದಲ್ಲೂ ರೆಸಿನ್‌ಗೆ ನೀರು ಶುದ್ಧ ಮಾಡುವ ಕೆಲಸವೇ. ಅಲ್ಲಿ ಅದು ಹಿಡಿಯುವುದು ಮಾತ್ರ ಕೋಬಾಲ್ಟ್-60, ಸೀಸಿಯಂ-137, ನಿಕಲ್-63ರಂಥ ವಿಕಿರಣಶೀಲ ಕಣಗಳನ್ನು. ಅಪಾರ್ಟ್‌ಮೆಂಟಿನಲ್ಲಿ ಉಪ್ಪುನೀರು ಹಾಯಿಸಿ ತೊಳೆದರೆ ಮಣಿಗಳು ಮತ್ತೆ ಕೆಲಸಕ್ಕೆ ತಯಾರು. ಸ್ಥಾವರದಲ್ಲಿ ತುಂಬಿಹೋದ ರೆಸಿನ್ ಸಾಮಾನ್ಯವಾಗಿ ತ್ಯಾಜ್ಯದ ಲೆಕ್ಕಕ್ಕೆ ಸೇರುತ್ತದೆ.

ಅಣು ತ್ಯಾಜ್ಯ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಉರಿದು ಮುಗಿದ ಯುರೇನಿಯಂ ಇಂಧನ. ಅಮೆರಿಕದಲ್ಲಿ ಅದು ಬಹುಮಟ್ಟಿಗೆ ಆಯಾ ಸ್ಥಾವರದ ನೀರಿನ ಕೊಳದಲ್ಲೋ ಕಾಸ್ಕ್ ಎನ್ನುವ ದಪ್ಪ ಗೋಡೆಯ ಕಾಂಕ್ರೀಟ್ ಪೆಟ್ಟಿಗೆ‌ಗಳಲ್ಲೋ ಕುಳಿತಿದೆ. ಅದನ್ನು ಶಾಶ್ವತವಾಗಿ ಹೂಳುವ ಜಾಗ ಇನ್ನೂ ಆಗಿಲ್ಲ. ಅಲ್ಲಿನ ಹೆದ್ದಾರಿಗಳಲ್ಲಿ ಲಾರಿ ಹತ್ತಿ ಓಡಾಡುವುದು ಬೇರೆಯೇ ಸರಕು. ಬಳಸಿದ ಕೈಗವಸು, ಮೇಲಂಗಿ, ನೆಲ ಒರೆಸಿದ ಬಟ್ಟೆ, ಪ್ಲಾಸ್ಟಿಕ್ ಹಾಳೆ, ಹಳೆ ಪೈಪು, ಫಿಲ್ಟರ್, ಮತ್ತೆ ಈ ರೆಸಿನ್. ಇದನ್ನು ಕಡಿಮೆ ಮಟ್ಟದ ತ್ಯಾಜ್ಯ ಅನ್ನುತ್ತಾರೆ. ಹೆಸರು ನಂಬಿ ಹಗುರ ಮಾಡುವಂತಿಲ್ಲ. ಕೈಗವಸಿನ ಚೀಲದಲ್ಲಿ ವಿಕಿರಣ ಇದೆಯೋ ಇಲ್ಲವೋ ಅನ್ನುವಷ್ಟಿರಬಹುದು. ರೆಸಿನ್ ತುಂಬಿದ ಲೈನರ್ ಎಂಬ ದೊಡ್ಡ ಡಬ್ಬಿಯ ಪಕ್ಕದಲ್ಲಿ ದಪ್ಪ ಸೀಸದ ಅಡ್ಡ ಇಲ್ಲದೆ ನಿಲ್ಲಲೇಬಾರದು. ಎರಡಕ್ಕೂ ಅದೇ ಹೆಸರು!

ಈ ಸರಕನ್ನು ಸ್ಥಾವರಗಳು ಹೇಗೆ ಪ್ಯಾಕ್ ಮಾಡಿ ಕಳಿಸುತ್ತವೆ ಅನ್ನುವುದರ ಮೇಲೆ ಅಲ್ಲಿ ಬಿಗಿಯಾದ ತಪಾಸಣೆ ಇದೆ. ಅದು ಅಷ್ಟು ಬಿಗಿಯಾಗಲು 1979ರ ಕಥೆಯೊಂದು ಕಾರಣ. ಆ ವರ್ಷ ಅಂದರೆ ಎಲ್ಲರೂ ನೆನೆಯುವುದು ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದ ಅಪಘಾತವನ್ನು. ಅದೇ ವರ್ಷ ನಡೆದ ಲಾರಿಗಳ ಗಲಾಟೆ ಬಹಳ ಜನಕ್ಕೆ ಗೊತ್ತಿಲ್ಲ. ಆಗ ಇಡೀ ಅಮೆರಿಕದ ವಾಣಿಜ್ಯ ಮೂಲದ ಕಡಿಮೆ ಮಟ್ಟದ ತ್ಯಾಜ್ಯ ಹೂಳಲು ಇದ್ದದ್ದು ಮೂರೇ ಜಾಗ. ನೆವಾಡಾದ ಬೀಟಿ, ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫೋರ್ಡ್, ದಕ್ಷಿಣ ಕೆರೊಲಿನಾದ ಬಾರ್ನ್‌ವೆಲ್. ಸರಿಯಾಗಿ ಪ್ಯಾಕ್ ಮಾಡದ, ಸೋರುವ ಸರಕು ಮೇಲಿಂದ ಮೇಲೆ ಬರತೊಡಗಿತು. ನೆವಾಡಾ, ವಾಷಿಂಗ್ಟನ್ ಎರಡೂ ರಾಜ್ಯಗಳ ಗವರ್ನರ್‌ಗಳು ಸ್ವಲ್ಪ ಕಾಲ ಗೇಟನ್ನೇ ಮುಚ್ಚಿಸಿದರು. ದಕ್ಷಿಣ ಕೆರೊಲಿನಾ ತಾನು ತೆಗೆದುಕೊಳ್ಳುವ ಪ್ರಮಾಣ ಕಡಿಮೆ ಮಾಡುತ್ತೇನೆ ಎಂದಿತು. ವಾಷಿಂಗ್ಟನ್ ಗವರ್ನರ್ ಡಿಕ್ಸಿ ಲೀ ರೇ ಅದಕ್ಕೆ ಮೊದಲು ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು, ಅಣು ವಿದ್ಯುತ್ತಿನ ದೊಡ್ಡ ಬೆಂಬಲಿಗರು. ಅವರೇ ಸಾಕಪ್ಪಾ ಅಂದರು ಅಂದಮೇಲೆ ಪರಿಸ್ಥಿತಿ ಹೇಗಿದ್ದಿರಬೇಕು ಯೋಚಿಸಿ.

ಅದೇ ವರ್ಷ, ಅಣು ಸ್ಥಾವರಗಳ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್ ಎಲ್ಲ ಸ್ಥಾವರಗಳಿಗೂ ಬುಲೆಟಿನ್ 79-19 ಕಳಿಸಿತು. ಪ್ಯಾಕ್ ಮಾಡುವವರಿಗೆ ತರಬೇತಿ ಕೊಡಿ, ಕೆಲಸದ ಕ್ರಮವನ್ನು ಬರೆದಿಡಿ, ನಿಮ್ಮನ್ನು ನೀವೇ ತಪಾಸಣೆ ಮಾಡಿಕೊಳ್ಳಿ ಎನ್ನುವುದು ಅದರ ಸಾರ. ಕಮಿಷನ್ನಿನ ಇವತ್ತಿನ ಇನ್‌ಸ್ಪೆಕ್ಟರ್ ಕೇಳುವ ಪ್ರಶ್ನೆಗಳಿಗೂ ಅದೇ ಬೇರು.

ತ್ಯಾಜ್ಯ ವಿಭಾಗದ ತಪಾಸಣೆ ಸುಮಾರು ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಇನ್‌ಸ್ಪೆಕ್ಟರ್ ಮೊದಲು ಸುಮ್ನೆ ನಡೆದಾಡುತ್ತಾರೆ. ತ್ಯಾಜ್ಯ ಇಟ್ಟಿರುವ ಕೋಣೆ, ಶೆಡ್ಡು, ಹೊರಗಿನ ಅಂಗಳ. ಡ್ರಮ್ಮಿನ ತಳ ತುಕ್ಕು ಹಿಡಿದಿದೆಯಾ? ಮುಚ್ಚಳ ಉಬ್ಬಿದೆಯಾ? ಚೀಟಿ ಬಿಸಿಲಿಗೆ ಮಾಸಿ ಓದಲಾಗದಂತೆ ಆಗಿದೆಯಾ? ವರ್ಷಗಟ್ಟಲೆ ಯಾರೂ ಬಳಸದ ಟ್ಯಾಂಕು, ಪೈಪು ಮೂಲೆಯಲ್ಲಿ ಬಿದ್ದಿದ್ದರೆ ಅದರೊಳಗೆ ಏನಿದೆ ಅಂತ ಕೇಳುತ್ತಾರೆ. ಆಮೇಲೆ ಕಳೆದ ತಪಾಸಣೆಯಿಂದ ಈಚೆಗೆ ಹೋದ ಲೋಡುಗಳಲ್ಲಿ ಕೆಲವನ್ನು ತಾವೇ ಆರಿಸಿ ಆ ಫೈಲುಗಳನ್ನು ತರಿಸುತ್ತಾರೆ. ಸಾಧ್ಯವಾದರೆ ಒಂದು ಲೋಡು ಹೊರಡುವುದನ್ನು ಕಣ್ಣಾರೆ ನೋಡುತ್ತಾರೆ.

ನನ್ನ ಮಟ್ಟಿಗೆ ಇಡೀ ತಪಾಸಣೆಯ ಜೀವಾಳ ಇರುವುದು ಆ ಫೈಲುಗಳಲ್ಲಿ. ಏಕೆಂದರೆ ಡ್ರಮ್ ಒಮ್ಮೆ ಮುಚ್ಚಿದ ಮೇಲೆ ಮುಂದೆ ಅದನ್ನು ಮುಟ್ಟುವ ಯಾರೂ ಒಳಗೆ ಇಣುಕಿ ನೋಡುವುದಿಲ್ಲ. ಲಾರಿ ಚಾಲಕ, ಕ್ರೇನ್ ನಡೆಸುವವರು, ಹೂಳುವವರು, ಎಲ್ಲರೂ ನಂಬುವುದು ಕಾಗದವನ್ನು. ಆ ಕಾಗದಕ್ಕೆ ಮ್ಯಾನಿಫೆಸ್ಟ್ ಅಂತ ಹೆಸರು. ಒಳಗೆ ಕೋಬಾಲ್ಟ್-60, ನಿಕಲ್-63ರಂಥ ಯಾವ ಯಾವ ಐಸೋಟೋಪ್ ಎಷ್ಟೆಷ್ಟಿದೆ ಅಂತ ಅದರಲ್ಲಿ ಬರೆಯಬೇಕು. ಹಾಗಾದರೆ ಬರೆಯುವವರಿಗೆ ಅದು ಗೊತ್ತಾಗುವುದು ಹೇಗೆ?

ಮೀಟರ್ ಹಿಡಿದರೆ ಗೊತ್ತಾಗಲ್ವಾ ಅಂತ ಕೇಳಬಹುದು. ಅರ್ಧ ಗೊತ್ತಾಗುತ್ತದೆ. ರಿಯಾಕ್ಟರಿನ ಪೈಪು, ವಾಲ್ವುಗಳ ಉಕ್ಕಿನಲ್ಲಿ ಒಂದಿಷ್ಟು ಕೋಬಾಲ್ಟ್ ಇರುತ್ತದೆ. ಅದು ಸವೆದು ಧೂಳಾಗಿ ನೀರಿನ ಜೊತೆ ಇಂಧನದ ನಡುವೆ ಹಾದುಹೋದಾಗ ನ್ಯೂಟ್ರಾನ್ ನುಂಗಿ ಕೋಬಾಲ್ಟ್-60 ಆಗುತ್ತದೆ. ಇದು ಬಲವಾದ ಗಾಮಾ ಕಿರಣ ಬಿಡುತ್ತದೆ. ಉಕ್ಕಿನ ಡ್ರಮ್ ದಾಟಿ ಹೊರಗೆ ಬಂದು ಮೀಟರಿಗೆ ಸಿಗುತ್ತದೆ. ಅದೇ ಉಕ್ಕಿನ ನಿಕಲ್‌ನಿಂದ ಹುಟ್ಟುವ ನಿಕಲ್-63 ಹಾಗಲ್ಲ. ಅದು ಬಿಡುವುದು ಬಹಳ ಸೊರಗಿದ ಬೀಟಾ ಕಣ. ಡ್ರಮ್ಮಿನ ಗೋಡೆಯ ಮಾತು ಬಿಡಿ, ಒಂದು ಹಾಳೆ ಕಾಗದ ದಾಟುವುದೂ ಅದಕ್ಕೆ ಕಷ್ಟ. ಹೊರಗಿನಿಂದ ಎಷ್ಟೇ ಒಳ್ಳೆಯ ಮೀಟರ್ ಹಿಡಿದರೂ ಅದು ಇದೆ ಅಂತಲೇ ತಿಳಿಯುವುದಿಲ್ಲ.

ಹೂಳುವವರಿಗೆ ತಲೆನೋವು ತರುವುದು ಈ ಎರಡನೆಯದೇ. ಕೋಬಾಲ್ಟ್-60ರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 5.27 ವರ್ಷ. 53 ವರ್ಷ ಕಾದರೆ ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ನಿಕಲ್-63ರ ಅರ್ಧಾಯುಷ್ಯ ಸುಮಾರು 100 ವರ್ಷ. ಅದೇ 53 ವರ್ಷದ ಕೊನೆಗೆ ಅದರಲ್ಲಿ ನೂರಕ್ಕೆ 70ರಷ್ಟು ಹಾಗೇ ಇರುತ್ತದೆ. ಅವತ್ತು ಮೀಟರ್ ಹಿಡಿದರೆ ಡ್ರಮ್ ತಣ್ಣಗಿದೆ ಅನ್ನಿಸುತ್ತದೆ. ತ್ಯಾಜ್ಯದಲ್ಲಿರುವ ಇನ್ನೊಂದು ಐಸೋಟೋಪ್ ಟೆಕ್ನೀಷಿಯಂ-99ರದ್ದು 2 ಲಕ್ಷ ವರ್ಷ ಮೀರಿದ ಲೆಕ್ಕ. ಹೀಗಾಗಿ ತ್ಯಾಜ್ಯ ಎ (ಕಡಿಮೆ ಅಪಾಯದ್ದು), ಬಿ, ಸಿ (ಹೆಚ್ಚು ಅಪಾಯದ್ದು) ಎಂಬ ಮೂರು ವರ್ಗಗಳಲ್ಲಿ ಯಾವುದಕ್ಕೆ ಸೇರುತ್ತದೆ ಅನ್ನುವುದನ್ನು ಮುಖ್ಯವಾಗಿ ಇಂಥ ದೀರ್ಘಾಯುಷಿಗಳು ನಿರ್ಧರಿಸುತ್ತವೆ. ಮೀಟರಿನ ಮುಳ್ಳು ಎಷ್ಟು ಜೋರಾಗಿ ಓಡಿತು ಅನ್ನುವುದು ಇಲ್ಲಿ ನೆರವಿಗೆ ಬರುವುದಿಲ್ಲ.

ಇದಕ್ಕೆ ಸ್ಥಾವರಗಳು ಒಂದು ಉಪಾಯ ಮಾಡಿಕೊಂಡಿವೆ. ಪ್ರತಿ ಬಗೆಯ ತ್ಯಾಜ್ಯದಿಂದ ಒಂದು ಚಿಟಿಕೆ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬಿನವರು ಅದನ್ನು ಕರಗಿಸಿ, ಒಂದೊಂದೇ ಧಾತುವನ್ನು ಬೇರ್ಪಡಿಸಿ ಅಳೆಯುತ್ತಾರೆ. ಒಂದು ಪಾಲು ಕೋಬಾಲ್ಟ್-60 ಇದ್ದರೆ ನಿಕಲ್-63 ಎಷ್ಟು ಪಾಲು ಇದೆ ಅಂತ ಅನುಪಾತ ಸಿಗುತ್ತದೆ. ಆಮೇಲೆ ಡ್ರಮ್ಮಿನ ಹೊರಗಿನಿಂದ ಕೋಬಾಲ್ಟ್ ಅಳೆದು, ಆ ಅನುಪಾತದಿಂದ ಗುಣಿಸಿ ಉಳಿದವನ್ನು ಲೆಕ್ಕ ಹಾಕುತ್ತಾರೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡಿದ ಹಾಗೆ. ಅಗುಳು ಅದೇ ಪಾತ್ರೆಯದ್ದಾಗಿರಬೇಕು, ಇವತ್ತಿನದ್ದಾಗಿರಬೇಕು, ಅಷ್ಟೇ.

ಇನ್‌ಸ್ಪೆಕ್ಟರ್ ಹಿಡಿಯುವುದು ಇಲ್ಲೇ. ಈ ಅನುಪಾತ ಯಾವಾಗಿನದ್ದು? ಬಿ, ಸಿ ವರ್ಗದ ತ್ಯಾಜ್ಯಕ್ಕೆ ವರ್ಷಕ್ಕೊಮ್ಮೆ, ಎ ವರ್ಗಕ್ಕೆ ಎರಡು ವರ್ಷಕ್ಕೊಮ್ಮೆ ಹೊಸದಾಗಿ ಅಳೆಯಿರಿ ಅಂತ ಕಮಿಷನ್ 1983ರಲ್ಲೇ ಸೂಚಿಸಿದೆ. ಅದರ ನಡುವೆ ಇಂಧನದ ಕಡ್ಡಿಯೊಂದು ಸಣ್ಣಗೆ ಬಿರುಕು ಬಿಟ್ಟರೆ ನೀರಿಗೆ ಸೀಸಿಯಂ, ಸ್ಟ್ರಾನ್ಷಿಯಂ ಸೇರಿ ಲೆಕ್ಕವೆಲ್ಲ ತಲೆಕೆಳಗು. ಇನ್ನೂ ಸುಲಭವಾಗಿ ಆಗುವ ತಪ್ಪೊಂದಿದೆ. ಒಂದು ಡ್ರಮ್ 5 ವರ್ಷ ಶೆಡ್ಡಿನಲ್ಲೇ ಉಳಿದಿದೆ ಅಂದುಕೊಳ್ಳಿ. ಅಷ್ಟರಲ್ಲಿ ಕೋಬಾಲ್ಟ್ ಹೆಚ್ಚೂಕಡಿಮೆ ಅರ್ಧವಾಗಿರುತ್ತದೆ, ನಿಕಲ್ ಬಹುತೇಕ ಹಾಗೇ ಇರುತ್ತದೆ. ಇವತ್ತು ಕೋಬಾಲ್ಟ್ ಅಳೆದು ತಾಜಾ ತ್ಯಾಜ್ಯದ ಅನುಪಾತದಿಂದ ಗುಣಿಸಿದರೆ ನಿಕಲ್ ಇರುವುದಕ್ಕಿಂತ ಅರ್ಧದಷ್ಟೇ ಅಂತ ಕಾಗದಕ್ಕೆ ಬೀಳುತ್ತದೆ. ಮೀಟರ್ ಸರಿಯಿದೆ, ಗುಣಾಕಾರವೂ ಸರಿಯಿದೆ, ಉತ್ತರ ಮಾತ್ರ ತಪ್ಪು. ಕೂಡಿಸಿ ಕಳೆದು ಪರೀಕ್ಷಿಸಿದರೆ ಇದು ಸಿಕ್ಕುವುದಿಲ್ಲ. ಡ್ರಮ್ ತುಂಬಿದ ತಾರೀಕು ಕೇಳಿದರೆ ಸಿಗುತ್ತದೆ.

ಈ ವಿಧಾನ ಕೂದಲೆಳೆಯಷ್ಟು ನಿಖರ ಅಂತ ಯಾರೂ ಹೇಳುತ್ತಿಲ್ಲ. ನಿಜವಾದ ಪ್ರಮಾಣದ ಹತ್ತು ಪಟ್ಟಿನೊಳಗೆ ಉತ್ತರ ಬಂದರೆ ಅದು ಒಪ್ಪುವಂಥ ಗುರಿ ಎಂದು ಅದೇ ಸೂಚನೆ ಹೇಳುತ್ತದೆ. ಕೇಳಿ ಗಾಬರಿಯಾಗಬಹುದು. ಕಣ್ಣಿಗೆ ಕಾಣದ, ಹೊರಗಿನಿಂದ ಅಳೆಯಲು ಸಿಗದ ವಸ್ತುವಿನ ಬಗ್ಗೆ ಇದು ಪ್ರಾಮಾಣಿಕ ಮಾತು ಅಂತಲೇ ನನಗೆ ಅನ್ನಿಸುತ್ತದೆ.

ರೆಸಿನ್ ವಿಷಯದಲ್ಲಿ ಇನ್ನೊಂದು ಕಾಟ ನೀರು. ಒದ್ದೆ ಮಣಿಗಳನ್ನು ಹಾಗೇ ಡಬ್ಬಿಗೆ ತುಂಬಿದರೆ ತಳದಲ್ಲಿ ನೀರು ನಿಲ್ಲುತ್ತದೆ, ತುಕ್ಕು ಹಿಡಿಸುತ್ತದೆ, ದಾರಿಯಲ್ಲಿ ಸೋರುತ್ತದೆ. ಹಾಗಾಗಿ ಲೈನರಿನ ತಳದಲ್ಲಿ ಸಣ್ಣ ರಂಧ್ರಗಳ ಕೊಳವೆಗಳನ್ನು ಮೊದಲೇ ಹಾಕಿಟ್ಟು, ಪಂಪು ಜೋಡಿಸಿ ನೀರನ್ನು ಎಳೆಯುತ್ತಾರೆ. ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಮಣಿಗಳ ನಡುವೆ ಅಂಟಿಕೊಂಡ ನೀರು ನಿಧಾನಕ್ಕೆ ಕೆಳಗಿಳಿಯುತ್ತದೆ. ಮತ್ತೆ ಎಳೆಯುತ್ತಾರೆ. ದೀರ್ಘಕಾಲ ಬಾಳುವ ವಿಶೇಷ ಡಬ್ಬಿಯಾದರೆ ಕೊನೆಗೆ ಉಳಿಯುವ ನೀರು ಗಾತ್ರದ ಶೇ. 1 ಮೀರಬಾರದು. ಬಿ ಮತ್ತು ಸಿ ವರ್ಗದ ತ್ಯಾಜ್ಯ ನೆಲದಡಿಯಲ್ಲಿ 300 ವರ್ಷ ಕುಸಿಯದೆ ಇರಬೇಕೆಂಬ ನಿಯಮವಿದೆ. ಎಷ್ಟು ಹೊತ್ತು ಪಂಪು ಓಡಿತು, ಎಷ್ಟು ಸಲ ನಿಲ್ಲಿಸಿದರು, ಕೊನೆಯ ಸಲ ಎಷ್ಟು ನೀರು ಬಂತು ಎಂಬ ದಾಖಲೆಯನ್ನು ಇನ್‌ಸ್ಪೆಕ್ಟರ್ ಬೆರಳಿಟ್ಟು ಓದುತ್ತಾರೆ. ರಾತ್ರಿ ಪಾಳಿಯಲ್ಲಿ ಯಾರಾದರೂ ಬೇಗ ಮನೆಗೆ ಹೋಗಲು ಒಂದು ಸುತ್ತು ಬಿಟ್ಟರೆ ಅದು ತಿಳಿಯುವುದು ಆ ಸಾಲುಗಳಲ್ಲೇ.

ಇನ್ನು ಲಾರಿ ಹೊರಡುವ ಹೊತ್ತು. ಹೆಚ್ಚು ವಿಕಿರಣ ಇರುವ ಸರಕಿಗೆ ಟೈಪ್ ಬಿ ಕಾಸ್ಕ್ ಬೇಕು. 9 ಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬೀಳಿಸಿದರೂ, 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ 30 ನಿಮಿಷ ಇಟ್ಟರೂ ಒಳಗಿನದ್ದನ್ನು ಹಿಡಿದಿಡುವಂಥ ವಿನ್ಯಾಸ ಅದು. ವಿನ್ಯಾಸ ಎಷ್ಟೇ ಗಟ್ಟಿಯಿದ್ದರೂ ಮುಚ್ಚಳದ ಬೋಲ್ಟು ಸಡಿಲವಿದ್ದರೆ ಪ್ರಯೋಜನವಿಲ್ಲ. ಎಷ್ಟು ಬಿಗಿಯಬೇಕು, ಯಾವ ಕ್ರಮದಲ್ಲಿ ಬಿಗಿಯಬೇಕು ಅಂತ ಕಾಸ್ಕಿನ ಪುಸ್ತಕದಲ್ಲಿ ಬರೆದಿರುತ್ತದೆ. ಇನ್‌ಸ್ಪೆಕ್ಟರ್ ಬೋಲ್ಟನ್ನು ಗೊತ್ತಾದ ಬಲದಿಂದ ಬಿಗಿಯುವ ಟಾರ್ಕ್ ರೆಂಚಿನ ಮೇಲಿನ ಚೀಟಿ ನೋಡುತ್ತಾರೆ. ಅದನ್ನು ಕೊನೆಯ ಬಾರಿ ಪರೀಕ್ಷಿಸಿ ಸರಿಪಡಿಸಿದ ತಾರೀಕು ಅಲ್ಲಿರಬೇಕು.

ಹತ್ತಿರದಿಂದ ನೋಡಬೇಕಾದ ಕೆಲಸ ಸ್ಮಿಯರ್. ತಂತ್ರಜ್ಞರು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ದುಂಡನೆಯ ಬಟ್ಟೆ ತೆಗೆದುಕೊಂಡು ಡ್ರಮ್ಮಿನ ಮೇಲೆ ಹದವಾಗಿ ಒತ್ತಿ ಎಳೆಯುತ್ತಾರೆ, 300 ಚದರ ಸೆಂಟಿಮೀಟರ್ ಆಗುವಷ್ಟು. ಅಡುಗೆಮನೆಯ ಕಟ್ಟೆ ಒರೆಸಿ ಬಟ್ಟೆ ತಿರುಗಿಸಿ ಕೊಳೆ ಬಂತಾ ಅಂತ ನೋಡುತ್ತೇವಲ್ಲ, ಹಾಗೆ. ಇಲ್ಲಿ ಕೊಳೆ ನೋಡುವುದು ವಿಕಿರಣ ಎಣಿಸುವ ಕೌಂಟರ್ ಯಂತ್ರ. ಬೀಟಾ, ಗಾಮಾ ಬಿಡುವ ಕೊಳೆ ಚದರ ಸೆಂಟಿಮೀಟರಿಗೆ 4 ಬೆಕೆರಲ್ ಮೀರಬಾರದು. ಅಂದರೆ ಅಷ್ಟು ಜಾಗದಲ್ಲಿ ಸೆಕೆಂಡಿಗೆ ನಾಲ್ಕು ಪರಮಾಣು ಒಡೆಯಬಹುದು, ಅಷ್ಟೇ. ಬಟ್ಟೆ ಅಲ್ಲಿರುವುದರಲ್ಲಿ ಹತ್ತನೇ ಒಂದು ಪಾಲನ್ನಷ್ಟೇ ಎತ್ತಿತು ಅಂತ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ.

ಇಡೀ ಲಾರಿ ಒಂದೇ ಸ್ಥಾವರದ ಸರಕಿಗೆ ಮೀಸಲಾಗಿದ್ದರೆ, ಅದರ ಮೈಯಿಂದ 2 ಮೀಟರ್ ದೂರದಲ್ಲಿ ವಿಕಿರಣ ಗಂಟೆಗೆ 0.1 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ಮೀರಬಾರದು. ಆ ಮಿತಿಯಲ್ಲಿರುವ ಲಾರಿಯ ಪಕ್ಕ ಒಂದು ಹಗಲು ಒಂದು ರಾತ್ರಿ ಪೂರ್ತಿ ನಿಂತರೆ 2.4 ಮಿಲಿಸೀವರ್ಟ್ ಆಗುತ್ತದೆ. ಮಣ್ಣು, ಗಾಳಿ, ಆಹಾರ, ಆಕಾಶದಿಂದ ಒಬ್ಬ ಮನುಷ್ಯನಿಗೆ ಇಡೀ ವರ್ಷಕ್ಕೆ ಬರುವ ಜಾಗತಿಕ ಸರಾಸರಿಯೂ ಅಷ್ಟೇ. ಚಾಲಕ ಕೂರುವ ಜಾಗಕ್ಕೆ ಮಿತಿ ಇನ್ನೂ ಕಡಿಮೆ, ಗಂಟೆಗೆ 0.02.

ಇಷ್ಟೆಲ್ಲ ಇದ್ದೂ ತಪ್ಪಾಗುತ್ತದೆ. 2016ರ ನವೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ಸ್ಥಾವರದಿಂದ ಒಂದು ಲೋಡು ಹೂಳುವ ಜಾಗಕ್ಕೆ ಹೊರಟಿತು. ದೂರ ಹೆಚ್ಚಿಲ್ಲ, ಎರಡೂ ಹ್ಯಾನ್‌ಫೋರ್ಡ್ ಆವರಣದಲ್ಲೇ ಇವೆ. ಅಲ್ಲಿ ಅಳೆದಾಗ ಕಾಗದದಲ್ಲಿ ಬರೆದದ್ದಕ್ಕಿಂತ ಜಾಸ್ತಿ ವಿಕಿರಣ ಕಂಡಿತು. ರಾಜ್ಯದ ಆರೋಗ್ಯ ಇಲಾಖೆ ಆ ಸ್ಥಾವರ ತ್ಯಾಜ್ಯ ಕಳಿಸುವುದನ್ನೇ ಸ್ವಲ್ಪ ಕಾಲ ತಡೆಹಿಡಿಯಿತು. ಕಮಿಷನ್ ತಪ್ಪುಗಳಿಗೆ ಹಸಿರು, ಬಿಳಿ, ಹಳದಿ, ಕೆಂಪು ಎಂದು ಬಣ್ಣ ಕೊಡುತ್ತದೆ, ಹಸಿರು ತೀರಾ ಸಣ್ಣದಕ್ಕೆ. 2017ರಲ್ಲಿ ಇದಕ್ಕೆ ಬಿಳಿ ಬಿತ್ತು. ಬಣ್ಣಕ್ಕಿಂತ ನನಗೆ ಮುಖ್ಯ ಅನ್ನಿಸುವುದು ತಪ್ಪು ಸಿಕ್ಕ ರೀತಿ. ಕೊನೆಯ ಗೇಟಿನಲ್ಲಿ ಇದ್ದವರು ಕಾಗದ ಓದಿ ಸುಮ್ಮನಾಗದೆ ತಾವೇ ಮತ್ತೊಮ್ಮೆ ಅಳೆದರು.

ನಮ್ಮ ಕೈಗಾದ ಕಡೆ ಚಿತ್ರ ಸ್ವಲ್ಪ ಬೇರೆ. ಭಾರತದಲ್ಲಿ ಅಣು ವಿದ್ಯುತ್ ಕೇಂದ್ರಗಳ ಜೊತೆಗೇ ಕಡಿಮೆ ಮತ್ತು ಮಧ್ಯಮ ಮಟ್ಟದ ಘನ ತ್ಯಾಜ್ಯ ಹೂಳುವ ಕಾಂಕ್ರೀಟ್ ಕಂದಕಗಳು ಇರುತ್ತವೆ. ಈ ಬಗೆಯ ಸರಕು ಅಮೆರಿಕದ ಹಾಗೆ ರಾಜ್ಯ ದಾಟಿ ನೂರಾರು ಮೈಲಿ ಹೋಗುವ ಅಗತ್ಯ ಬೀಳುವುದಿಲ್ಲ. ತಪಾಸಣೆ ಅಣುಶಕ್ತಿ ನಿಯಂತ್ರಣ ಮಂಡಳಿಯದ್ದು. ನಿಕಲ್-63 ಮಾತ್ರ ಇಲ್ಲೂ ಮೀಟರಿಗೆ ಸಿಗುವುದಿಲ್ಲ.

ಅಮೆರಿಕದ ನಿಯಮಗಳ ಆ ರಾಶಿಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಬಹಳ ಸಣ್ಣದೊಂದು. ಸರಕಿನ ಕಾಗದ ಲಾರಿಯಲ್ಲಿ ಎಲ್ಲಿರಬೇಕು ಅನ್ನುವುದಕ್ಕೂ ಅಲ್ಲಿ ನಿಯಮವಿದೆ. ಚಾಲಕ ಸೀಟ್ ಬೆಲ್ಟ್ ಹಾಕಿಕೊಂಡು ಕೂತಿದ್ದಾಗ ಕೈಗೆ ಎಟುಕುವಂತಿರಬೇಕು. ಲಾರಿಗೆ ಹತ್ತುವವರ ಕಣ್ಣಿಗೂ ಬೀಳಬೇಕು, ಇಲ್ಲವೇ ಚಾಲಕನ ಕಡೆಯ ಬಾಗಿಲಿನ ಚೀಲದಲ್ಲಿರಬೇಕು. ದಿನದ 24 ಗಂಟೆಯೂ ವಿಷಯ ಬಲ್ಲವರು ಎತ್ತುವ ಒಂದು ಫೋನ್ ನಂಬರ್ ಅದರ ಮೇಲಿರಬೇಕು. ಚಾಲಕ ಕೆಳಗಿಳಿದು ಹೋದರೆ ಆ ಕಾಗದ ಬಾಗಿಲಿನ ಚೀಲದಲ್ಲಿರಬೇಕು, ಇಲ್ಲವೇ ಅವನು ಎದ್ದುಹೋದ ಸೀಟಿನ ಮೇಲಿರಬೇಕು.